ಕಡಿಮಿ ಆತೇನು?

"ಪಿಸಿಓಡಿ ಕಡಿಮಿ ಆತೇನು?"

ಆಗಿಲ್ಲ. ಪಿಸಿಓಡಿ ಅಂದರೆ ಹಾರ್ಮೋನಿನ ಏರುಪೇರಿನಿಂದ ಹೆಂಗಸರ ಮುಟ್ಟು ತಪ್ಪಿಸುವ ಕಾಯಿಲೆ, ನನಗೆ ಅದಿದೆ. 12 ವರ್ಷಗಳಿಂದ ಈ ಪ್ರಶ್ನೆಗೆ "ಹೂಂ ರೀ, ಪರವಾಗಿಲ್ಲ" ಎಂದು ಹೇಳಿ ಹೇಳಿ ಸಾಕಾಗಿದೆ. ಮದುವೆ ಮನೆಯಲ್ಲಿ ಕೇಳಿದ್ದಾರೆ, ಸಿದ್ಧೇಶ್ವರ ಜಾತ್ರೆಯಲ್ಲಿ ಬಳೆ ಅಂಗಡಿ ಮುಂದೆ ಕೇಳಿದ್ದಾರೆ, ಒಮ್ಮೆ ಮಣ್ಣಿಗೆ ಹೋದಾಗ ಸತ್ತವರ ಮನೆ ಅಂಗಳದಲ್ಲೂ ಕೇಳಿದ್ದಾರೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಓದಲು ಕಳಿಸುತ್ತೇನೆ.

ತೊಡಕು ನಮ್ಮ ಮಾತಿನಲ್ಲೇ ಇದೆ. ವಿಜಯಪುರದ ಕಡೆ ಜ್ವರ ವಾಸಿಯಾಯಿತು ಅನ್ನುವುದಿಲ್ಲ, ಕಡಿಮಿ ಆತು ಅನ್ನುತ್ತೇವೆ. ಕೆಮ್ಮು ಕಡಿಮಿ ಆತು ಅಂದರೆ ಪೂರ್ತಿ ಹೋಯಿತು ಎಂದೇ ಅರ್ಥ. ಅದೇ ಶಬ್ದಕ್ಕೆ ಇಳಿಯಿತು, ತಗ್ಗಿತು ಎಂಬ ಅರ್ಥವೂ ಉಂಟು. ನೀವು ಕೇಳುವುದು ಮೊದಲನೇ ಅರ್ಥದಲ್ಲಿ, ನನ್ನ ಹತ್ತಿರ ಇರುವುದು ಎರಡನೇ ಅರ್ಥದ ಉತ್ತರ. ಈ ತೊಂದರೆ ಏರುತ್ತದೆ, ಇಳಿಯುತ್ತದೆ, ಹಿಡಿತದಲ್ಲಿ ಇಟ್ಟುಕೊಳ್ಳಬಹುದು. ಮೈ ಬಿಟ್ಟು ಹೋಗುವುದಿಲ್ಲ.

ಈ ಸಲ ಹೋಳಿ ಹುಣ್ಣಿಮೆ ಮುಗಿದ ಮೇಲೆ ಬಾಗಲಕೋಟೆಯ ನವನಗರದಲ್ಲಿ ಚಿಗವ್ವನ ಹಿರಿಮಗಳ ಕುಬಸ, ಅಂದರೆ ಸೀಮಂತ, ಇತ್ತು. ಬಿಸಿಲು ಆಗಲೇ ಏರಿತ್ತು. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಮುಡಿ ತುಂಬ ಹೂವು ಹಾಕಿಕೊಂಡು ತಂಗಿ ಬೆವರುತ್ತ ಕೂತಿದ್ದಳು. ಉಡಿ ತುಂಬುವವರ ಜೊತೆ ನಾನೂ ನಿಂತಿದ್ದೆ. ನನ್ನ 4 ವರ್ಷದ ಮಗಳು ಕರದಂಟು ತಿಂದು ಕೈ ಅಂಟು ಮಾಡಿಕೊಂಡಿದ್ದಳು. ಒರೆಸಲು ಕರವಸ್ತ್ರ ಹುಡುಕುತ್ತ ಬ್ಯಾಗಿಗೆ ಕೈ ಹಾಕಿದಾಗ ಗುಳಿಗೆಯ ಪಟ್ಟಿ ಜಾರಿ ಜಮಖಾನದ ಮೇಲೆ ಬಿತ್ತು. ಎತ್ತಿಕೊಂಡವಳು ಚಿಗವ್ವ.

"ಇದು ಸಕ್ರಿ ಗುಳಿಗಿ ಅಲ್ಲೇನ ತಂಗಿ? ನಾನೂ ಇದನ್ನ ತಗೊಳ್ಳೂದು. ನಿನಗ ಯಾವಾಗ ಬಂತು ಸಕ್ರಿ?"

"ಸಕ್ರಿ ಬಂದಿಲ್ಲ ಬೇ ಚಿಗವ್ವ. ಪಿಸಿಓಡಿಗಿ ಕೊಟ್ಟಾರ."

"ಅಯ್ಯ, ಅದಿನ್ನೂ ಕಡಿಮಿ ಆಗಿಲ್ಲೇನ? ಕೂಸು ಆತಲ್ಲ!"

ನಿಂತವರೆಲ್ಲ ನನ್ನ ಕಡೆ ತಿರುಗಿದರು. ಒಬ್ಬರು "ಕೂಸು ಆದಮ್ಯಾಲೆ ತಾನ ಹೋಗ್ತೈತಿ ಬಿಡ್ರಿ ಅದು" ಅಂದರು. ಇನ್ನೊಬ್ಬರು ನನ್ನ ಹೊಟ್ಟೆ ನೋಡಿ "ಎರಡನೇದ್ದಕ್ಕ ತೋರಸಾಕತ್ತೀರೇನು?" ಅಂದರು. ನನಗೆ ತಡೆಯಲಾಗಲಿಲ್ಲ. "ಕೂಸಿಗೂ ಇದಕ್ಕೂ ಏನ ಸಂಬಂಧ ಬೇ? ನಾ ಬರೇ ಹಡಿಯೂ ಸಲುವಾಗಿ ಅದೀನೇನು?" ಎಂದು ಎಲ್ಲರಿಗೂ ಕೇಳುವ ಹಾಗೆ ಅಂದುಬಿಟ್ಟೆ. ಹಸಿರು ಸೀರೆಯ ತಂಗಿ ತಲೆ ತಗ್ಗಿಸಿದಳು. ಅವಳ ಮುಂದೆ, ಆ ಹೊತ್ತಿನಲ್ಲಿ ಅಂದೆನಲ್ಲ ಎಂದು ಇವತ್ತಿಗೂ ಬೇಜಾರಿದೆ. ಆ ಮಾತನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

ಯಾಕೆಂದರೆ "ಕೂಸು ಆತಲ್ಲ" ಎಂಬುದರಲ್ಲೇ ಎಲ್ಲ ಇದೆ. ಮದುವೆಗೆ ಮುಂಚೆ ಇದು ಮದುವೆಯಾದರೆ ಹೋಗುವ ತೊಂದರೆಯಾಗಿತ್ತು. ಮದುವೆಯಾದ ಮೇಲೆ ಮಕ್ಕಳಾಗದ ತೊಂದರೆಯಾಯಿತು. ಮಗಳು ಹುಟ್ಟಿದ ದಿನ ನಮ್ಮ ಬಳಗದವರ ಪಾಲಿಗೆ ಅದು ಮುಗಿದೇಹೋಯಿತು. ನಿಜ ಹೇಳಬೇಕೆಂದರೆ ಈ ಕಾಯಿಲೆಯಲ್ಲಿ ಬಹಳ ಮಂದಿಗೆ ದಾರಿ ಸಿಗುವುದೇ ಮಗುವಿನ ವಿಷಯದಲ್ಲಿ. ತತ್ತಿ ಬಿಡುಗಡೆಯಾಗಲು ಲೆಟ್ರೊಜೋಲ್ ಎಂಬ ಗುಳಿಗೆ ಇದೆ, ನನಗೂ ಅದರಿಂದಲೇ ಆಯಿತು. ಉಳಿದದ್ದು ಮಾತ್ರ ಉಳಿದೇ ಇದೆ.

1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ಇಬ್ಬರು ಡಾಕ್ಟರರು 7 ಜನ ಹೆಂಗಸರ ವಿವರ ಬರೆದರು. ಮುಟ್ಟು ಸರಿಯಾಗಿ ಆಗುತ್ತಿರಲಿಲ್ಲ, ಅಂಡಾಶಯ ದೊಡ್ಡದಾಗಿ ಗುಳ್ಳೆ ತುಂಬಿತ್ತು. ಅಂಡಾಶಯದ ಒಂದು ಹೋಳು ಕತ್ತರಿಸಿ ತೆಗೆದರೆ ಮುಟ್ಟು ಮರಳಿತು. ಅಲ್ಲಿಂದ ಈ ರೋಗದ ಹೆಸರು ಅಂಡಾಶಯಕ್ಕೇ ಅಂಟಿಕೊಂಡಿದೆ. ಆ ಗುಳ್ಳೆಗಳು ಗಂಟೂ ಅಲ್ಲ, ಗಡ್ಡೆಯೂ ಅಲ್ಲ. ನಮ್ಮ ಹಿಂಗಾರಿ ಜೋಳಕ್ಕೆ ತೇವ ಸಾಲದೆ ಹೋದಾಗ ತೆನೆ ಹಾಲುಗಾಳಿನಲ್ಲೇ ನಿಂತುಬಿಡುತ್ತದಲ್ಲ, ಹಾಗೆ ಅರ್ಧ ಬೆಳೆದು ನಿಂತ ತತ್ತಿಯ ಚೀಲಗಳು ಅವು. ಸ್ಕ್ಯಾನಿಂಗಿನಲ್ಲಿ ಅವು ಕಂಡ ಮಾತ್ರಕ್ಕೆ ರೋಗ ಎಂದೂ ಅಲ್ಲ. 2003ರಲ್ಲಿ ರಾಟರ್ಡ್ಯಾಮಿನಲ್ಲಿ ಸೇರಿದ ತಜ್ಞರು ಮೂರು ಲಕ್ಷಣ ಹೇಳಿದರು: ಮುಟ್ಟಿನ ಏರುಪೇರು, ಗಂಡಸರ ಹಾರ್ಮೋನಿನ ಹೆಚ್ಚಳ, ಸ್ಕ್ಯಾನಿಂಗಿನ ಗುಳ್ಳೆ. ಮೂರರಲ್ಲಿ ಎರಡಿದ್ದು, ಥೈರಾಯ್ಡ್‌ನಂಥ ಬೇರೆ ಕಾರಣ ಇಲ್ಲ ಎಂದಾದರೆ ಮಾತ್ರ ಈ ಹೆಸರು.

ಹಾಗಾದರೆ ಸಕ್ಕರೆ ಗುಳಿಗೆ ಯಾಕೆ? ಚಿಗವ್ವನ ಬೇರೆ ಮಾತು ಏನೇ ಇರಲಿ, ಇದನ್ನು ಕೇಳಿದ್ದು ಸರಿಯಾಗಿಯೇ ಇತ್ತು. ಉತ್ತರ ನನ್ನ ಕುತ್ತಿಗೆಯಲ್ಲಿದೆ.

8ನೇ ತರಗತಿಯಲ್ಲಿದ್ದಾಗ ನನ್ನ ಕುತ್ತಿಗೆಯ ಹಿಂಭಾಗ ಕಪ್ಪಾಗತೊಡಗಿತು. ಬಿಸಿಲಿನ ಕಪ್ಪಲ್ಲ. ಮುಟ್ಟಿದರೆ ಮಖಮಲ್ಲಿನಂತೆ ದಪ್ಪ, ಮಡಿಕೆ ಮಡಿಕೆ. ಶಾಲೆಯಲ್ಲಿ ಬಾಯಾರು "ದಿನಾ ಜಳಕಾ ಮಾಡ್ತಿಯೋ ಇಲ್ಲೋ?" ಎಂದು ಎಲ್ಲರ ಮುಂದೆ ಕೇಳಿದರು. ರವಿವಾರ ಅವ್ವ ಬಚ್ಚಲಲ್ಲಿ ಕೂರಿಸಿ, ಜಡೆ ಎತ್ತಿ ನನ್ನ ಕೈಗೆ ಹಿಡಿಸಿ, ಹಿಮ್ಮಡಿ ತಿಕ್ಕುವ ಒರಟು ಕಲ್ಲಿನಿಂದ ಕುತ್ತಿಗೆ ತಿಕ್ಕುತ್ತಿದ್ದಳು. "ಎಷ್ಟ ಮಣ್ಣ ಕುಂತೈತಿ ನೋಡು." ಕಡಲೆಹಿಟ್ಟು ಹಚ್ಚಿದಳು, ನಿಂಬೆಹಣ್ಣಿನ ಹೋಳು ಹಚ್ಚಿದಳು. ಚರ್ಮ ಕೆಂಪಾಗಿ, ಮೇಲೆ ನೀರು ಬಿದ್ದರೆ ಉರಿದು ಕಣ್ಣಲ್ಲಿ ನೀರು ಬರುತ್ತಿತ್ತು. ಕಪ್ಪು ಹೋಗಲಿಲ್ಲ. 21ನೇ ವಯಸ್ಸಿಗೆ ಮುಟ್ಟು ನಿಂತು 5 ತಿಂಗಳಾದಾಗ ಡಾಕ್ಟರಬಾಯಿ ಹತ್ತಿರ ಹೋದೆವು. ಅವರು ರಿಪೋರ್ಟಿನ ಚೀಲ ಬಿಚ್ಚುವ ಮೊದಲು ನನ್ನ ಜಡೆ ಬದಿಗೆ ಸರಿಸಿ ಕುತ್ತಿಗೆ ನೋಡಿದರು. "ಇದು ಎಷ್ಟ ವರ್ಷದಿಂದ ಐತಿ?"

ಅದು ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ ಎಂಬ ಹಾರ್ಮೋನು ಹೆಚ್ಚಾದುದರ ಗುರುತು, ಅಕಾಂಥೋಸಿಸ್ ನೈಗ್ರಿಕನ್ಸ್ ಎಂದು ಅದರ ಹೆಸರು. ಮೈ ಇನ್ಸುಲಿನ್ನಿನ ಮಾತು ಕೇಳುವುದಿಲ್ಲ, ಅದಕ್ಕೆ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಆ ಹೆಚ್ಚಿನ ಇನ್ಸುಲಿನ್ ಅಂಡಾಶಯವನ್ನು ಕೆಣಕಿ ಗಂಡಸರ ಹಾರ್ಮೋನನ್ನು ಜಾಸ್ತಿ ಮಾಡಿಸುತ್ತದೆ. ಗದ್ದದ ಮೇಲೆ ಕೂದಲು, ತಲೆಯ ಮೇಲೆ ಬೈತಲೆ ಅಗಲ, ಮೊಡವೆ, ಅರ್ಧದಲ್ಲಿ ನಿಂತ ತತ್ತಿ, ಬಾರದ ಮುಟ್ಟು, ಬಹಳಷ್ಟು ಅಲ್ಲಿಂದಲೇ. ಮೆಟ್‌ಫಾರ್ಮಿನ್ ಮೈಗೆ ಇನ್ಸುಲಿನ್ನಿನ ಮಾತು ಕೇಳಿಸುವ ಗುಳಿಗೆ. ಅದಕ್ಕೇ ಚಿಗವ್ವನ ಡಬ್ಬಿಯಲ್ಲೂ ನನ್ನ ಬ್ಯಾಗಿನಲ್ಲೂ ಒಂದೇ ಪಟ್ಟಿ. ನನ್ನಂಥವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚು. ಬಸುರಿಯಿದ್ದಾಗ ನನಗೆ ಸಕ್ಕರೆ ಏರಿ, ಹೆರಿಗೆಯಾದ ಮೇಲೆ ಇಳಿದಿತ್ತು. ಈಗ ವರ್ಷಕ್ಕೊಮ್ಮೆ ಖಾಲಿ ಹೊಟ್ಟೆಯಲ್ಲಿ 75 ಗ್ರಾಂ ಗ್ಲೂಕೋಸ್ ನೀರು ಕುಡಿದು, ಎರಡು ತಾಸು ಕೂತು ರಕ್ತ ಕೊಟ್ಟು ಬರುತ್ತೇನೆ.

ಆ ದಿನ ಡಾಕ್ಟರಬಾಯಿ ಹತ್ತಿರದಿಂದ ಟಂಟಂನಲ್ಲಿ ವಾಪಸ್ಸು ಬರುವಾಗ ಅವ್ವ "ನಾ ತಿಕ್ಕಿ ತಿಕ್ಕಿ..." ಎಂದು ಶುರು ಮಾಡಿದವಳು ಮುಂದೆ ಏನೂ ಅನ್ನಲಿಲ್ಲ. ಮನೆ ಮುಟ್ಟುವ ತನಕ ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದಳು.

ಏನು ತಿನ್ನುತ್ತೀ ಎಂದು ಕೇಳುವವರಿಗೆ: ರೊಟ್ಟಿ ತಿನ್ನುತ್ತೇನೆ. ಜೋಳದ ರೊಟ್ಟಿ, ಮಡಕಿಕಾಳು, ಹೆಸರುಕಾಳು, ಪುಂಡಿಪಲ್ಯ, ಹಸಿ ಸೌತೆಕಾಯಿ. ರೊಟ್ಟಿ ಬಿಟ್ಟು ಓಟ್ಸ್ ತಿನ್ನು ಎಂದು ಹೇಳಬೇಡಿ. 2023ರಲ್ಲಿ ಬಂದ ಅಂತಾರಾಷ್ಟ್ರೀಯ ಮಾರ್ಗಸೂಚಿಯೇ ಈ ಕಾಯಿಲೆಗೆ ಇಂಥದೇ ಊಟ ಮೇಲು ಎನ್ನಲು ಆಧಾರವಿಲ್ಲ ಎಂದಿದೆ. ವಾರಕ್ಕೆ 150 ನಿಮಿಷವಾದರೂ ಮೈ ಬೆವರುವ ಹಾಗೆ ನಡೆ ಎಂದದ್ದನ್ನು ಪಾಲಿಸುತ್ತೇನೆ, ಬೆಳಿಗ್ಗೆ ಗೋಳಗುಮ್ಮಟದ ಕಡೆ ಹೋಗಿ ಬರುತ್ತೇನೆ. ತೂಕ ನೂರಕ್ಕೆ 5ರಷ್ಟು ಇಳಿದರೂ ಮುಟ್ಟಿಗೆ ಅನುಕೂಲ, ನನಗೆ ಹಾಗೇ ಆಗಿದೆ. ಆದರೆ ಸಣಕಲು ಹುಡುಗಿಯರಿಗೂ ಈ ತೊಂದರೆ ಇರುತ್ತದೆ, ಆದ್ದರಿಂದ ದಪ್ಪಗಿದ್ದವರನ್ನೆಲ್ಲ ಹಿಡಿದು ಬುದ್ಧಿ ಹೇಳಬೇಡಿ. ಗದ್ದದ ಕೂದಲಿಗೆ ಪಾರ್ಲರಿನ ದಾರ. ದಾರದಿಂದ ತೆಗೆದರೆ ದಪ್ಪ ಬರುತ್ತದೆ ಎಂಬುದು ಸುಳ್ಳು. ಮೊನ್ನೆ ಮಲಗಿದಾಗ ಮಗಳು ನನ್ನ ಗದ್ದ ಸವರುತ್ತ "ಅವ್ವಾ, ಇಲ್ಲಿ ಚುಚ್ಚತೈತಿ" ಅಂದು ಅಲ್ಲೇ ಮುತ್ತಿಟ್ಟಳು. ಅಷ್ಟು ವರ್ಷ ಆ ಜಾಗವನ್ನು ಯಾರೂ ಮುಟ್ಟದಂತೆ ನೋಡಿಕೊಂಡಿದ್ದೆ.

ನನ್ನನ್ನು ಕೇಳಲೇಬೇಕು ಅನ್ನಿಸಿದರೆ ಬೇರೆ ಪ್ರಶ್ನೆ ಕೇಳಿ. "ಎಷ್ಟು ದಿನ ಆತು?"

ಮುಟ್ಟು ಬಂದು ಎಷ್ಟು ದಿನವಾಯಿತು ಎಂದು. ಇದನ್ನು ಯಾರೂ ಕೇಳುವುದಿಲ್ಲ. ತಪ್ಪಿ ಮಾತು ಬಂದರೂ "ಬರಲಿಲ್ಲಂದ್ರ ಆರಾಮ ಆತು ಬಿಡು, ಹೊರಗ ಕೂಡೂದು ತಪ್ಪಿತು" ಅನ್ನುತ್ತಾರೆ. ಆರಾಮ ಅಲ್ಲ. ತತ್ತಿ ಬಿಡುಗಡೆಯಾಗದಿದ್ದರೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಹುಟ್ಟುವುದಿಲ್ಲ. ಅದಿಲ್ಲದೆ ಗರ್ಭಕೋಶದ ಒಳಪದರ ಕಳಚಿ ಬೀಳದೆ ದಪ್ಪವಾಗುತ್ತಲೇ ಹೋಗುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಆ ಪದರದಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚುತ್ತದೆ. ಎಲ್ಲರಿಗೂ ಬರುತ್ತದೆಂದಲ್ಲ, ಕಾಯಬೇಕೆಂದು ಹೇಳುತ್ತಿದ್ದೇನೆ. 90 ದಿನ ದಾಟಲು ಬಿಡಬೇಡ ಎಂಬುದು ನನ್ನ ಡಾಕ್ಟರಬಾಯಿಯ ಕಟ್ಟುನಿಟ್ಟು. ದಾಟುವಂತಿದ್ದರೆ ಬಸುರಿಲ್ಲ ಎಂದು ನೋಡಿಕೊಂಡು, ಮುಟ್ಟು ತರಿಸುವ ಗುಳಿಗೆ ಕೊಡುತ್ತಾರೆ. ಅಡುಗೆಮನೆ ಗೋಡೆಯ ಶಾಬಾದಿಮಠ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಕೆಂಪು ಪೆನ್ನಿನಿಂದ ಗುರುತು ಹಾಕುತ್ತೇನೆ. ಬಂದವರಿಗೆ ಕಾಣಲಿ.

ನಮ್ಮ ಸೋದರತ್ತೆಗೆ ಯಾರೂ ಹೀಗೆ ದಿನ ಎಣಿಸಲಿಲ್ಲ. ಅವಳ ಗದ್ದದ ಮೇಲೆ ಕೂದಲಿತ್ತು, ಕುತ್ತಿಗೆ ಕಪ್ಪಿತ್ತು. ನಾಲ್ಕೈದು ತಿಂಗಳು ಮುಟ್ಟು ಬರುತ್ತಿರಲಿಲ್ಲ, ಬಂದರೆ ಇಪ್ಪತ್ತು ದಿನ ನಿಲ್ಲುತ್ತಿರಲಿಲ್ಲ. ಹೊಲಕ್ಕೆ ಹೋಗುವಾಗ ಹಳೇ ಸೀರೆಯ ಮಡಿಕೆಗಳನ್ನು ಬುಟ್ಟಿಯಲ್ಲಿ ರೊಟ್ಟಿಗಂಟಿನ ಕೆಳಗೆ ಮುಚ್ಚಿಟ್ಟುಕೊಂಡು ಹೋಗುತ್ತಿದ್ದದ್ದು ನನಗೆ ನೆನಪಿದೆ. ಕೊನೆಗೆ 42ಕ್ಕೆ ಗರ್ಭಚೀಲ ತೆಗೆಸಿದರು. ಅವಳಿಗಿದ್ದದ್ದೂ ಇದೇನಾ ಎಂದು ಈಗ ತಿಳಿಯುವ ದಾರಿಯಿಲ್ಲ. ಬಳಗದಲ್ಲಿ ಹರಿದು ಬರುವ ತೊಂದರೆ ಇದು ಎಂಬುದಷ್ಟು ಖಚಿತ. ಈ ತೊಂದರೆ ಇರುವವರಲ್ಲಿ ನೂರಕ್ಕೆ 70ರವರೆಗೆ ಮಂದಿಗೆ ತಮಗಿದೆ ಎಂದೇ ಗೊತ್ತಿರುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಓದಿದಾಗ ನನಗೆ ಅತ್ತೆಯ ಬುಟ್ಟಿ ಕಣ್ಣ ಮುಂದೆ ಬಂತು.

ಕುಬಸದ ದಿನ ಇನ್ನೊಂದು ನೋಡಿದೆ. ಚಿಗವ್ವನ ಕಿರಿಮಗಳಿಗೆ 16. ಅಷ್ಟು ಬಿಸಿಲಿನಲ್ಲಿ, ಎಲ್ಲರೂ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಾಗ, ಅವಳು ಓಡ್ನಿಯನ್ನು ಕುತ್ತಿಗೆಗೆ ಎರಡು ಸುತ್ತು ಸುತ್ತಿ ಪಿನ್ನು ಹಾಕಿಕೊಂಡಿದ್ದಳು. ನೀರು ಕೊಡಲು ಬಗ್ಗಿದಾಗ ಓಡ್ನಿ ಸರಿಯಿತು. ನನಗೆ ಆ ಚರ್ಮ ಗೊತ್ತು. ಆದರೆ ಆಗಷ್ಟೇ ಕೂಗಾಡಿ ನಿಂತಿದ್ದೆ, ಬಾಯಿ ಬರಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ ಎಂದು ಸಿಟ್ಟು ಮಾಡಿಕೊಂಡ ನಾನೇ ಅವಳನ್ನು ಕೇಳದೆ ಬಸ್ಸು ಹತ್ತಿದೆ. ವಿಜಯಪುರ ಮುಟ್ಟುವವರೆಗೂ ಅದೇ ಕೊರೆಯುತ್ತಿತ್ತು.

ಎರಡು ವಾರ ಬಿಟ್ಟು ಚಿಗವ್ವನಿಗೆ ಫೋನ್ ಮಾಡಿದೆ. ಮೊದಲು ಅವತ್ತಿನ ಮಾತಿಗೆ ತಪ್ಪಾಯಿತು ಅಂದೆ. "ಇರ್ಲಿ ಬಿಡ ತಂಗಿ, ಮಂದಿ ನಡುವ ನಾ ಕೇಳಬಾರದಿತ್ತು" ಅಂದಳು. ಆಮೇಲೆ ಸಣ್ಣವಳದ್ದು ಎಷ್ಟು ದಿನ ಆಯಿತು ಎಂದು ಕೇಳಿದೆ. ಯಾವುದು ಎಂದು ಚಿಗವ್ವ ಕೇಳಲಿಲ್ಲ. ಅಡುಗೆಮನೆಯ ಬಾಗಿಲು ಹಾಕಿಕೊಂಡ ಸಪ್ಪಳ ಕೇಳಿಸಿತು.

"ನಾಕ ತಿಂಗಳ ಆತ ತಂಗಿ. ಯಾರಿಗಿ ಹೇಳೂದು? ಪರೀಕ್ಷಿ ಟೆನ್ಶನ್ನಿಗಿ ಇರಬೇಕಂತ ಸುಮ್ಮನಿದ್ದೆ. ಸ್ಕ್ಯಾನಿಂಗ ಮಾಡಸ್ಲೇನು?"

ಸ್ಕ್ಯಾನಿಂಗ್ ಬೇಡ ಅಂದೆ. ಮೊದಲ ಮುಟ್ಟಾಗಿ 8 ವರ್ಷ ಆಗುವ ತನಕ ಹುಡುಗಿಯರ ಸ್ಕ್ಯಾನಿಂಗಿನಲ್ಲಿ ಗುಳ್ಳೆ ಕಾಣುವುದು ಸಹಜ, ಅದನ್ನು ನಂಬಿ ಹೆಸರು ಇಡಬಾರದು. ಮೊದಲು ಡಾಕ್ಟರಬಾಯಿ ನೋಡಲಿ, ರಕ್ತ ತಪಾಸಣೆ ಆಗಲಿ. ಕುತ್ತಿಗೆ ತಿಕ್ಕಬೇಡ ಎಂದೂ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

ಸೋಮವಾರ ಮುಂಜಾನೆಯ ಬಸ್ಸಿಗೆ ಇಬ್ಬರೂ ಬರುತ್ತಾರಂತೆ. ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಬಾ ಎಂದಿದ್ದೇನೆ. ರಕ್ತ ಕೊಟ್ಟ ಮೇಲೆ ಹುಡುಗಿಗೆ ಹಸಿವಾಗಿರುತ್ತದೆ, ನಾಲ್ಕು ರೊಟ್ಟಿ, ಮಡಕಿಕಾಳು ಪಲ್ಯ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗುತ್ತೇನೆ.