ಮೊದಲು ದಡದ ಬೆಂಕಿ, ಆಮೇಲೆ ಕಡಲು

"ನಾವು ಏಳೆಂಟು ಜನ ಸೇರಿ ತಣ್ಣೀರಿನ ಕಡಲಿಗೆ ಹೋಗಬೇಕು ಅಂತಿದ್ದೇವೆ. ಉಸಿರು ಕಟ್ಟಿ ಮುಳುಗುವುದು, ಸ್ಪಿಯರ್‌ಗನ್‌ನಲ್ಲಿ ಮೀನು ಹೊಡೆಯುವುದು, ಎರಡು ಮೂರು ದಿನ. ಎಲ್ಲಿಂದ ಶುರು ಮಾಡಲಿ?"

ಫ್ರೀಡೈವಿಂಗ್, ಅಂದರೆ ಉಸಿರು ಕಟ್ಟಿ ಮುಳುಗುವುದರ ಬಗ್ಗೆ ಬರೆಯತೊಡಗಿದ ಮೇಲೆ ನನಗೆ ಅತಿ ಹೆಚ್ಚು ಬಂದ ಪ್ರಶ್ನೆ ಇದೇ. ಕೇಳುವವರ ಕೈಯಲ್ಲಿ ಆಗಲೇ ಒಂದು ಪಟ್ಟಿ ಇರುತ್ತದೆ. ಚಳಿ ತಡೆಯುವ ವೆಟ್‌ಸೂಟ್ ಎಷ್ಟು ಮಿಲಿಮೀಟರ್ ದಪ್ಪ, ಎಷ್ಟುದ್ದದ ಗನ್, ಈಜಲು ಕಾಲಿಗೆ ಎಂಥ ಫಿನ್. ಆ ಪಟ್ಟಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ ಅನ್ನುತ್ತೇನೆ. ನೀರಿನಿಂದ ಹೊರಗೆ ಬರುವ ಗಳಿಗೆಯಿಂದ ಶುರು ಮಾಡಿ. ಎಷ್ಟು ಗಂಟೆಗೆ ಬರುತ್ತೀರಿ, ಎಲ್ಲಿ ಹತ್ತುತ್ತೀರಿ, ಯಾರು "ಸಾಕು" ಅಂದರೆ ಎಲ್ಲರೂ ಹತ್ತುತ್ತೀರಿ, ಹತ್ತಿದ ಮೇಲೆ ಮೈ ಕಾಯಿಸಿಕೊಳ್ಳಲು ಏನಿದೆ? ಇಷ್ಟು ತೀರ್ಮಾನವಾದ ಮೇಲೆ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದರೆ ಉಳಿದದ್ದೆಲ್ಲ ತನ್ನ ಜಾಗದಲ್ಲಿ ಕೂರುತ್ತದೆ.

ಇದನ್ನು ನಾನು ಕಲಿತದ್ದು ದಕ್ಷಿಣ ಕೊರಿಯಾದ ಜೆಜು ದ್ವೀಪದ ಹೆನ್ಯೊ ಹೆಂಗಸರ ಬಗ್ಗೆ ಓದುತ್ತಾ. ಉಸಿರು ಕಟ್ಟಿ ಮುಳುಗಿ ಅಬಲೋನಿ ಎಂಬ ಕಡಲ ಬಸವನಹುಳು, ಚಿಪ್ಪು, ಪಾಚಿ ತೆಗೆಯುವುದು ಅವರ ತಲೆಮಾರುಗಳ ಕಸುಬು. 2016ರಲ್ಲಿ ಯುನೆಸ್ಕೊ ಅವರ ಸಂಸ್ಕೃತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. 1970ರ ದಶಕದಲ್ಲಿ ರಬ್ಬರ್ ಸೂಟ್ ಬರುವ ತನಕ ಅವರು ಹತ್ತಿ ಬಟ್ಟೆಯಲ್ಲೇ ತಣ್ಣನೆಯ ನೀರಿಗೆ ಇಳಿಯುತ್ತಿದ್ದರು. ಅವರ ದಡದಲ್ಲಿ ಬುಲ್‌ತೊಕ್ ಅನ್ನುವ ಜಾಗವಿರುತ್ತದೆ. ಕಲ್ಲು ಪೇರಿಸಿ ಗಾಳಿಗೆ ಗೋಡೆ ಮಾಡಿ, ನಡುವೆ ಬೆಂಕಿ. ಬಟ್ಟೆ ಬದಲಿಸುವುದು ಅಲ್ಲಿ, ಕಡಲು ನೋಡಿ ಈ ದಿನ ಇಳಿಯೋಣವೋ ಬೇಡವೋ ಅಂತ ಮಾತಾಡುವುದು ಅಲ್ಲಿ, ಚಳಿ ಹತ್ತಿದಾಗ ಬಂದು ಕೂರುವುದೂ ಅಲ್ಲೇ. ನೀರಿನಲ್ಲಿ ಅವರ ಜೊತೆ ತೇಲುವುದು ತೇವಾಕ್. ಈಗ ಅದು ಥರ್ಮೋಕೋಲಿನದು, ಮೊದಲು ಒಣಗಿಸಿದ ಸೋರೆ ಬುರುಡೆ. ಇಷ್ಟು ಕಷ್ಟದ ಕೆಲಸವನ್ನು ಜೀವನಪೂರ್ತಿ ಮಾಡಿದವರು ದಡದಲ್ಲಿ ಬೆಂಕಿಗೆ ಜಾಗ ಮಾಡಿ ಇಟ್ಟುಕೊಂಡಿದ್ದಾರೆ ಅನ್ನುವುದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಚಳಿ ನಮ್ಮಿಂದ ಏನನ್ನು ಯಾವ ಕ್ರಮದಲ್ಲಿ ಕಿತ್ತುಕೊಳ್ಳುತ್ತದೆ ಅನ್ನುವುದನ್ನು ಗುಂಪಿನ ಪ್ರತಿಯೊಬ್ಬರೂ ತಿಳಿದಿರಬೇಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿ ಹೀರುತ್ತದೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು 1-10-1 ಅನ್ನುವ ಸೂತ್ರದಲ್ಲಿ ಹೇಳಿಕೊಟ್ಟರು. ತೀರಾ ತಣ್ಣನೆಯ ನೀರಿಗೆ ಬಿದ್ದವರಿಗೆ ಉಸಿರನ್ನು ಹಿಡಿತಕ್ಕೆ ತಂದುಕೊಳ್ಳಲು 1 ನಿಮಿಷ, ಕೈಕಾಲು ಮಾತು ಕೇಳುವುದು 10 ನಿಮಿಷ, ಪ್ರಜ್ಞೆ ತಪ್ಪುವ ಮುನ್ನ ಸುಮಾರು 1 ಗಂಟೆ. ದಪ್ಪ ಸೂಟ್ ಹಾಕಿದರೆ ಈ ಅವಧಿಗಳು ಉದ್ದವಾಗುತ್ತವೆ. ಕ್ರಮ ಮಾತ್ರ ಬದಲಾಗುವುದಿಲ್ಲ. ಮೊದಲು ಉಸಿರು, ಆಮೇಲೆ ಬೆರಳು, ಆಮೇಲೆ ಬುದ್ಧಿ. ಬುದ್ಧಿ ಮಂಕಾಗುತ್ತಿರುವುದು ಸ್ವತಃ ಅವರಿಗೆ ಗೊತ್ತಾಗದು. ಆದ್ದರಿಂದಲೇ ಹೊರಗೆ ಬರುವ ಸಮಯವನ್ನು ನೀರಿನಲ್ಲಿದ್ದಾಗ ನಿರ್ಧರಿಸಬಾರದು. ಬೆಚ್ಚಗೆ ಕೂತಿರುವಾಗ, ಹಿಂದಿನ ರಾತ್ರಿಯೇ ನಿರ್ಧರಿಸಿರಬೇಕು.

ಒಂದು ಚಿಕ್ಕ ಪರೀಕ್ಷೆ ಇದೆ. ಹೆಬ್ಬೆರಳನ್ನು ಅದೇ ಕೈಯ ಕಿರುಬೆರಳಿಗೆ ಮುಟ್ಟಿಸಿ. ಆಗದಿದ್ದರೆ ಆ ದಿನದ ನೀರು ಮುಗಿಯಿತು. ಮುಟ್ಟಿಸಲಾಗದ ಕೈಗೆ, ಮುಳುಗಲೆಂದು ಸೊಂಟಕ್ಕೆ ಕಟ್ಟಿದ ಸೀಸದ ಬೆಲ್ಟ್ ಬಿಚ್ಚಲೂ ಆಗುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಜೋಡಿಗಳು ಪರಸ್ಪರ ಎದುರಿಗೆ ಇದನ್ನು ಮಾಡಿ ತೋರಿಸಬೇಕು, ಒಬ್ಬರು ಸೋತರೆ ಇಬ್ಬರೂ ದಡಕ್ಕೆ. ಇದರ ಜೊತೆಗೆ ಮಾತು ತೊದಲುವುದು, ಕೈ ತಡವರಿಸುವುದು, ಕಾರಣವಿಲ್ಲದೆ ಗೊಣಗುವುದು, ಹತ್ತುವಾಗ ಎಡವುವುದು ಕಂಡರೆ ವಾದಕ್ಕೆ ನಿಲ್ಲಬೇಡಿ. ತೋಳು ಹಿಡಿದು ಕರೆತನ್ನಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಗುಂಪನ್ನು ತಲೆ ಎಣಿಸಿ ಕಟ್ಟಬೇಡಿ, ಜೋಡಿ ಎಣಿಸಿ ಕಟ್ಟಿ. ಒಬ್ಬರು ಕೆಳಗೆ, ಒಬ್ಬರು ಮೇಲೆ. ಉಸಿರು ಕಟ್ಟಿ ಮುಳುಗಿದವರು ಎಚ್ಚರ ತಪ್ಪುವುದು ಹೆಚ್ಚಾಗಿ ತಳದಲ್ಲಿ ಅಲ್ಲ. ಮೇಲೆ ಬರುತ್ತಾ ಕೊನೆಯ ಕೆಲವು ಮೀಟರುಗಳಲ್ಲಿ, ಇಲ್ಲವೇ ಮೇಲೆ ಬಂದು ಒಂದೆರಡು ಉಸಿರು ಎಳೆದ ಮೇಲೆ. ಆಳದಲ್ಲಿ ನೀರಿನ ಒತ್ತಡದಿಂದ ಶ್ವಾಸಕೋಶದೊಳಗಿನ ಆಮ್ಲಜನಕದ ಒತ್ತಡವೂ ಹೆಚ್ಚಿರುತ್ತದೆ, ಅದಕ್ಕೇ ಚೆನ್ನಾಗಿದ್ದೇನೆ ಅನ್ನಿಸುತ್ತದೆ. ಮೇಲೇರುತ್ತಿದ್ದಂತೆ ಆ ಒತ್ತಡ ಕುಸಿಯುತ್ತದೆ. ಹತ್ತು ಮೀಟರಿನಿಂದ ಮೇಲ್ಮೈಗೆ ಬರುವಷ್ಟರಲ್ಲಿ ಅರ್ಧಕ್ಕೆ. ಆದ್ದರಿಂದ ಮೇಲಿರುವವರು ಜೊತೆಗಾರ ತಲೆ ಎತ್ತಿದ ಕೂಡಲೇ ಕಣ್ಣು ತೆಗೆಯಬಾರದು. ಕನಿಷ್ಠ 30 ಸೆಕೆಂಡು ಮುಖ ನೋಡುತ್ತಿರಬೇಕು, ಕೈಗೆಟಕುವಷ್ಟು ಹತ್ತಿರವಿರಬೇಕು. ಮುಳುಗುವ ಮುನ್ನ ಜೋರು ಜೋರಾಗಿ ಉಸಿರಾಡಿ "ಗಾಳಿ ತುಂಬಿಕೊಳ್ಳುವುದು" ಬೇಡವೇ ಬೇಡ. ಅದರಿಂದ ಆಮ್ಲಜನಕ ಹೆಚ್ಚು ಸಿಗುವುದಿಲ್ಲ, ಉಸಿರು ಬೇಕು ಎಂದು ಎಚ್ಚರಿಸುವ ಕಾರ್ಬನ್ ಡೈಆಕ್ಸೈಡ್ ಮಾತ್ರ ಕಡಿಮೆಯಾಗುತ್ತದೆ.

ತಣ್ಣೀರಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಬೇಗ ತಣ್ಣಗಾಗುವುದು ಮುಳುಗುವವರಲ್ಲ, ಅಲುಗದೆ ತೇಲುತ್ತಾ ಕಾಯುವವರು. ಕಾಯುವವರು ನಡುಗತೊಡಗಿದರೆ ಕಾವಲು ಸಡಿಲಾಗುತ್ತದೆ, ಅವರ ಸರದಿ ಬಂದಾಗ ಉಸಿರೂ ನಿಲ್ಲುವುದಿಲ್ಲ. ನಡುಕವೆಂದರೆ ಸ್ನಾಯುಗಳ ದುಡಿಮೆ, ಅದು ಆಮ್ಲಜನಕ ತಿನ್ನುತ್ತದೆ. ಬೆಚ್ಚನೆಯ ನೀರಿನಲ್ಲಿ ಮೂವರ ತಂಡ ನನಗೆ ಇಷ್ಟ. ತಣ್ಣೀರಿನಲ್ಲಿ ಮೂವರಾದರೆ ಕಾಯುವ ಹೊತ್ತು ಉದ್ದವಾಗುತ್ತದೆ, ಹಾಗಾಗಿ ಇಬ್ಬಿಬ್ಬರೇ ವಾಸಿ. ಮುಳುಗುಗಳ ನಡುವಿನ ಬಿಡುವು ಕೆಳಗಿದ್ದ ಸಮಯದ ಎರಡು ಪಟ್ಟಾದರೂ ಇರಬೇಕು. ಚಳಿಯ ನೆಪ ಹೇಳಿ ಬಿಡುವನ್ನು ಕಡಿಮೆ ಮಾಡಬೇಡಿ. ಇಡೀ ದಿನವನ್ನೇ ಚಿಕ್ಕದು ಮಾಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹಿಂದೊಮ್ಮೆ ನಾನೇ ಎಂಟು ಜನರ ಪ್ರವಾಸ ಹೊಂದಿಸಿದ್ದೆ. ಸಲಕರಣೆಯ ಪಟ್ಟಿ ಮೂರು ಪುಟ ಇತ್ತು, ಹೊರಗೆ ಬರುವ ಸಮಯ ಎಲ್ಲೂ ಬರೆದಿರಲಿಲ್ಲ. ಒಂದೂವರೆ ಗಂಟೆಯ ಹೊತ್ತಿಗೆ ಒಂದು ಜೋಡಿಯಲ್ಲಿ ಒಬ್ಬನಿಗೆ ತಡೆಯಲಾರದ ಚಳಿ ಹತ್ತಿತು. ಅವನು "ನೀನು ಮುಗಿಸಿಕೊಂಡು ಬಾ" ಅಂತ ಹೇಳಿ ದಡಕ್ಕೆ ಹೋದ. ಇನ್ನೊಬ್ಬ ಕಲ್ಲಿನ ಸಂದಿಯಲ್ಲಿ ದೊಡ್ಡ ಮೀನು ನೋಡಿಬಿಟ್ಟಿದ್ದ, ಇನ್ನೊಂದೇ ಮುಳುಗು ಅಂದುಕೊಂಡ. ಮೇಲೆ ಬಂದವನ ಕುತ್ತಿಗೆ ತೂಗಿತು, ಬಾಯಿ ನೀರಿಗೆ ಜಾರಿತು. ಆ ಗಳಿಗೆಯಲ್ಲಿ ಇನ್ನೊಂದು ಜೋಡಿಯವಳು ತನ್ನ ಫ್ಲೋಟ್‌ನ, ಅಂದರೆ ತೇಲುಬುರುಡೆಯ, ಹಗ್ಗ ಬಿಡಿಸಿಕೊಳ್ಳಲು ಅತ್ತ ಬಂದಿದ್ದಳು. ಗಲ್ಲ ಹಿಡಿದು ಮುಖ ಮೇಲೆತ್ತಿದಳು, ಮಾಸ್ಕ್ ತೆಗೆದು ಕೆನ್ನೆಗೆ ಊದಿದಳು, ಹೆಸರು ಹಿಡಿದು ಕೂಗಿದಳು. ಕೆಲವು ಸೆಕೆಂಡುಗಳಲ್ಲಿ ಅವನು ಉಸಿರೆಳೆದ. ಅವಳು ಅತ್ತ ಬಂದದ್ದು ಆಕಸ್ಮಿಕ. ಅಂದಿನಿಂದ ನನ್ನ ಯಾವ ಯೋಜನೆಯಲ್ಲೂ ಒಂದು ವಾಕ್ಯ ಮೊದಲಿಗೇ ಇರುತ್ತದೆ: ಒಬ್ಬರು ಹತ್ತಿದರೆ ಜೊತೆಗಾರರೂ ಹತ್ತುತ್ತಾರೆ, ಮೀನು ಎಷ್ಟೇ ದೊಡ್ಡದಿರಲಿ.

ಗನ್ ವಿಷಯದಲ್ಲಿ ನನ್ನ ನಿಯಮ ಕೆಲವರಿಗೆ ಹಿಡಿಸುವುದಿಲ್ಲ. ಜೋಡಿಗೆ ಒಂದೇ ಗನ್. ಇಬ್ಬರ ಕೈಯಲ್ಲೂ ಗನ್ ಇದ್ದರೆ ಇಬ್ಬರೂ ಬೇಟೆಗಾರರು, ಕಾವಲುಗಾರರು ಯಾರೂ ಇಲ್ಲ. ತಣ್ಣನೆಯ ಕಡಲಿನಲ್ಲಿ ನೀರು ಹಲವು ಸಲ ಮಬ್ಬಾಗಿರುತ್ತದೆ, ಎದುರಿನ ನೆರಳು ಮೀನೋ ಫಿನ್ನೋ ತಿಳಿಯದ ದಿನಗಳಿವೆ. ರಬ್ಬರ್ ಎಳೆದು ಸಜ್ಜು ಮಾಡುವುದೂ ಸಡಿಲಿಸುವುದೂ ನೀರಿನೊಳಗೇ ಆಗಬೇಕು, ದಡದಲ್ಲಿ ಅಥವಾ ದೋಣಿಯಲ್ಲಿ ಎಂದಿಗೂ ಬೇಡ. ಹೊಡೆದ ಮೀನನ್ನು ಸೊಂಟಕ್ಕೆ ಕಟ್ಟಿಕೊಳ್ಳಬೇಡಿ, ಫ್ಲೋಟ್‌ಗೆ ಕಟ್ಟಿ. ತಣ್ಣನೆಯ ಕಡಲುಗಳು ಸೀಲ್‌ಗಳ ಮನೆ, ಕ್ಯಾಲಿಫೋರ್ನಿಯಾ, ದಕ್ಷಿಣ ಆಫ್ರಿಕಾ, ದಕ್ಷಿಣ ಆಸ್ಟ್ರೇಲಿಯಾದಂಥ ಕಡೆ ಬಿಳಿ ಶಾರ್ಕ್‌ಗಳದೂ ಹೌದು. ಫ್ಲೋಟ್ ಮೇಲೆ ಬಾವುಟ ಇರಲಿ. ಉತ್ತರ ಅಮೆರಿಕದಲ್ಲಿ ಕೆಂಪು ಬಾವುಟಕ್ಕೆ ಓರೆಯಾಗಿ ಬಿಳಿ ಪಟ್ಟಿ, ಅಂತರರಾಷ್ಟ್ರೀಯ ಸಂಕೇತದಲ್ಲಿ ಬಿಳಿ ನೀಲಿಯ ಆಲ್ಫಾ ಬಾವುಟ. ಹೋಗುವ ಊರಿನಲ್ಲಿ ದೋಣಿಯವರಿಗೆ ಯಾವುದು ಪರಿಚಯವೋ ಅದನ್ನೇ ಹಾಕಿ.

ಸೂಟ್‌ನ ಮಾತು ಈಗ. ನೀರು 10 ಡಿಗ್ರಿಯ ಆಸುಪಾಸಿದ್ದರೆ 7 ಮಿಲಿಮೀಟರ್, ತಲೆ ಮುಚ್ಚುವ ಹುಡ್ ಅಂಟಿಕೊಂಡೇ ಇರುವ ಎರಡು ತುಂಡಿನ ಸೂಟ್, ಕೈಗವಸು, ಕಾಲುಚೀಲ. ಒಳಮೈ ಓಪನ್‌ಸೆಲ್, ಅಂದರೆ ಬಟ್ಟೆಯ ಪದರವಿಲ್ಲದ ಬರಿ ರಬ್ಬರ್ ಆಗಿದ್ದರೆ ಚರ್ಮಕ್ಕೆ ಅಂಟಿ ಕೂರುತ್ತದೆ, ಅದರಷ್ಟು ಬೆಚ್ಚಗಿನದು ನಾನು ಹಾಕಿಲ್ಲ. ಸೋಪಿನ ನೀರಿಲ್ಲದೆ ಹಾಕಲು ಹೋದರೆ ಹರಿಯುತ್ತದೆ. ಫ್ಲಾಸ್ಕ್‌ನಲ್ಲಿ ಬೆಚ್ಚನೆಯ ನೀರು ತಂದು ಅದರಲ್ಲೇ ಸೋಪು ಕದಡಿದರೆ ಮೊದಲ ಹತ್ತು ನಿಮಿಷ ಸುಖವಾಗಿರುತ್ತದೆ. ಆದರೆ ಸೂಟ್‌ನ ರಬ್ಬರ್, ನಿಯೋಪ್ರೀನ್, ಅಂದರೆ ಗಾಳಿಗುಳ್ಳೆಗಳು. ಆಳಕ್ಕೆ ಹೋದಂತೆ ಅವು ಹಿಸುಕಿ ಸೂಟ್ ತೆಳ್ಳಗಾಗುತ್ತದೆ, ಬೆಚ್ಚಗಿಡುವ ಶಕ್ತಿಯೂ ತೇಲಿಸುವ ಶಕ್ತಿಯೂ ಒಟ್ಟಿಗೆ ಇಳಿಯುತ್ತವೆ. ದಪ್ಪ ಸೂಟ್ ಹೊಸದಾಗಿ ಹಾಕಿದವರು ಮೇಲ್ಮೈಯಲ್ಲಿ ಮುಳುಗಲಾರದೆ ಸೀಸ ಏರಿಸುತ್ತಾ ಹೋಗುತ್ತಾರೆ. ಆ ಸೀಸ ತಳದಲ್ಲಿ ಕಲ್ಲಾಗಿ ಎಳೆಯುತ್ತದೆ. ಉಸಿರು ಪೂರಾ ಬಿಟ್ಟಾಗಲೂ ಮೇಲ್ಮೈಯಲ್ಲಿ ತೇಲುತ್ತಿರಬೇಕು, ಅಷ್ಟೇ ಸೀಸ. ಇನ್ನೊಂದು ಪುಟ್ಟ ವಿಷಯ, ಕೆಲವರಿಗೆ ಇಡೀ ದಿನ ಹಾಳಾಗುವುದು ಇದರಿಂದಲೇ. ಹುಡ್ ಕಿವಿಗೆ ಬಿಗಿಯಾಗಿ ಗಾಳಿ ಹಿಡಿದಿಟ್ಟರೆ ಇಳಿಯುವಾಗ ಕಿವಿ ನೋಯುತ್ತದೆ. ಮುಳುಗುವ ಮುನ್ನ ಹುಡ್ ಅಂಚು ಎತ್ತಿ ಎರಡೂ ಕಿವಿಗೆ ನೀರು ಬಿಟ್ಟುಕೊಳ್ಳಿ. ಒಂದೇ ಕಿವಿಗೆ ತಣ್ಣೀರು ಹೊಕ್ಕರೆ ತಲೆ ಗಿರ್ರೆನ್ನಬಹುದು.

"ಫಿನ್ಲೆಂಡಿನ ಯೊಹಾನಾ ನೂರ್ಡ್‌ಬ್ಲಾಡ್ ಸೂಟೇ ಇಲ್ಲದೆ ಹಿಮದಡಿ ಈಜಿದರಲ್ಲ?" ಎಂದು ಒಬ್ಬರಾದರೂ ಕೇಳುತ್ತಾರೆ. ಹೌದು, 2021ರ ಮಾರ್ಚ್‌ನಲ್ಲಿ 103 ಮೀಟರ್. ಅದರ ಹಿಂದೆ ವರ್ಷಗಳ ತಾಲೀಮು ಇತ್ತು, ಆ ಒಂದು ಈಜು ಮೂರು ನಿಮಿಷದೊಳಗೆ ಮುಗಿಯಿತು. ನೀವು ಇಡೀ ಬೆಳಗ್ಗೆ ನೀರಿನಲ್ಲಿರಲು ಹೊರಟಿದ್ದೀರಿ. ಚಳಿಗೆ ಒಗ್ಗಿಕೊಳ್ಳುವುದು ನಿಜ, ಅದಕ್ಕೆ ವಾರಗಳು ಬೇಕು. ಇಳಿಯುವಾಗಲೂ ಧುಮುಕಬೇಡಿ. ತಣ್ಣೀರು ಚರ್ಮಕ್ಕೆ ತಾಗಿದಾಗ ಹೃದಯ ಓಡತೊಡಗುತ್ತದೆ, ಮುಖ ಮುಳುಗಿಸಿ ಉಸಿರು ಕಟ್ಟಿದಾಗ ಅದೇ ಹೃದಯ ನಿಧಾನಿಸಬೇಕಾಗುತ್ತದೆ. ಎರಡೂ ಆಜ್ಞೆ ಒಟ್ಟಿಗೆ ಬಂದಾಗ ಬಡಿತ ತಪ್ಪಬಹುದು ಎಂದು ಬ್ರಿಟನ್ನಿನ ಶರೀರವಿಜ್ಞಾನಿಗಳಾದ ಮೈಕಲ್ ಶಾಟಕ್ ಮತ್ತು ಮೈಕ್ ಟಿಪ್ಟನ್ 2012ರಲ್ಲಿ ವಿವರಿಸಿದರು. ನಡೆದು ಇಳಿಯಿರಿ, ಮುಖ ತೊಳೆದುಕೊಳ್ಳಿ, ಉಸಿರು ನೆಟ್ಟಗಾಗುವ ತನಕ ಸ್ನಾರ್ಕೆಲ್ ಎಂಬ ಉಸಿರಾಟದ ಕೊಳವೆಯಲ್ಲೇ ಉಸಿರಾಡುತ್ತಾ ತೇಲಿ. ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕಾಣದೆ ಬರಬಾರದು.

ಜಾಗ ಆರಿಸುವಾಗ ಮೀನು ಎಲ್ಲಿದೆ ಅನ್ನುವುದಕ್ಕಿಂತ ಮೊದಲು ಹತ್ತುವುದು ಎಲ್ಲಿ ಅಂತ ನೋಡಿ. ಬೆಳಗ್ಗೆ ಸಲೀಸಾಗಿ ಇಳಿದ ಬಂಡೆ ಉಬ್ಬರ ಇಳಿದ ಮೇಲೆ ಆಳೆತ್ತರದ ಪಾಚಿಗೋಡೆಯಾಗಿರುತ್ತದೆ. ಬೆರಳು ಮರಗಟ್ಟಿದವರು ಅದನ್ನು ಹತ್ತಲಾರರು. ಗಾಳಿ ತಿರುಗಿದರೆ ಹೋಗಲು ಇನ್ನೊಂದು ಮರೆಯ ಕೊಲ್ಲಿ ನೋಡಿಟ್ಟಿರಿ, ಎರಡೂ ಕೆಟ್ಟರೆ ಆ ದಿನ ಬೇಡ ಅನ್ನುವ ಧೈರ್ಯವೂ ಯೋಜನೆಯಲ್ಲಿರಲಿ. ಕೆಲ್ಪ್ ಎಂಬ ಎತ್ತರದ ಕಡಲಪಾಚಿಯ ಕಾಡಿದ್ದರೆ ಮೇಲೇರುವಾಗ ಮೇಲೆ ನೋಡಿ ಒಂದು ಕೈ ಎತ್ತಿ ಬನ್ನಿ, ಯಾವ ಕೈಗಾದರೂ ಸಿಗುವಂತೆ ಚಾಕು ಇರಲಿ. ದಡದಲ್ಲಿ ಒಬ್ಬರು ಒಣಗಿದ ಬಟ್ಟೆಯಲ್ಲಿ, ಫೋನ್ ಮತ್ತು ಗಡಿಯಾರದ ಜೊತೆ, ಸರದಿಯ ಮೇಲೆ ಕೂರಲೇಬೇಕು. ನಮ್ಮ ಗುಂಪಿನಲ್ಲಿ ಇದು ದೊಡ್ಡ ಜವಾಬ್ದಾರಿ, ಅವರು ಬಾವುಟ ಎತ್ತಿದರೆ ಯಾರೂ ಮರುಮಾತಾಡುವುದಿಲ್ಲ.

ಕಾನೂನನ್ನು ಆ ಊರಿನ ಮೀನುಗಾರಿಕೆ ಇಲಾಖೆಯ ಹಾಳೆಯಲ್ಲೇ ಓದಿ, ಹಳೆಯ ಪ್ರವಾಸಿಗರ ಬಾಯಿಮಾತಿನಲ್ಲಿ ಬೇಡ. ನಾರ್ವೆಯಲ್ಲಿ ಲಾಬ್‌ಸ್ಟರ್ ಅನ್ನು ಬೋನು ಇಟ್ಟೇ ಹಿಡಿಯಬೇಕು, ಮುಳುಗಿ ಹಿಡಿಯುವಂತಿಲ್ಲ. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಉಸಿರು ಕಟ್ಟಿ ಮುಳುಗುವವರ ದೊಡ್ಡ ಆಸೆಯಾಗಿದ್ದ ಕೆಂಪು ಅಬಲೋನಿಯ ಬೇಟೆ 2018ರಿಂದ ನಿಂತಿದೆ. ಮುಳ್ಳುಚೆಂಡಿನಂಥ ಅರ್ಚಿನ್‌ಗಳನ್ನು ತಿನ್ನುವ ನಕ್ಷತ್ರಮೀನುಗಳು ರೋಗಕ್ಕೆ ಸತ್ತವು, ಕಡಲು ಬಿಸಿಯಾಯಿತು, ಅರ್ಚಿನ್‌ಗಳು ಹೆಚ್ಚಿ ಕೆಲ್ಪ್ ಕಾಡನ್ನು ಬೋಳಿಸಿದವು, ಅಬಲೋನಿಗಳು ಹಸಿದು ಸತ್ತವು. ಅಂಥ ಬೋಳು ತಳವನ್ನು ಚಿತ್ರದಲ್ಲಿ ನೋಡಿದರೂ ಸಂಕಟವಾಗುತ್ತದೆ. ಕಾನೂನು ಎಷ್ಟೇ ಬಿಟ್ಟಿರಲಿ, ನಾವು ಆ ರಾತ್ರಿ ಎಲ್ಲರೂ ತಿನ್ನುವಷ್ಟೇ ಹೊಡೆಯುತ್ತೇವೆ. ಆ ಸಂಖ್ಯೆ ತಲುಪಿದ ಕೂಡಲೇ ಗನ್‌ಗಳು ದಡಕ್ಕೆ.

ಹೊರಗೆ ಬಂದ ಮೇಲಿನ ಅರ್ಧ ಗಂಟೆಯನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ನೀರಿನಿಂದ ಬಂದ ಮೇಲೂ ಮೈಯ ಒಳಗಿನ ಉಷ್ಣ ಸ್ವಲ್ಪ ಹೊತ್ತು ಇಳಿಯುತ್ತಲೇ ಇರುತ್ತದೆ. ಆದ್ದರಿಂದ ಗಾಳಿಗೆ ಮರೆ, ಒದ್ದೆ ಸೂಟ್ ತೆಗೆದು ಒಣ ಬಟ್ಟೆ, ಟೋಪಿ, ಬಿಸಿಯಾದ ಸಿಹಿ ಪಾನೀಯ. ಮದ್ಯ ಬೇಡ. ನಡುಕ ನಿಲ್ಲುವ ತನಕ ಯಾರೂ ವಾಹನ ಓಡಿಸಬೇಡಿ. ತೀರಾ ತಣ್ಣಗಾಗಿ ಮಾತು ತೊದಲುತ್ತಿದ್ದವರನ್ನು ನಡೆಸಬೇಡಿ, ಕೈಕಾಲು ಉಜ್ಜಬೇಡಿ. ಮಲಗಿಸಿ, ಕಂಬಳಿ ಹೊದಿಸಿ, ಎದೆಯ ಭಾಗಕ್ಕೆ ಬೆಚ್ಚಗೆ ಕೊಟ್ಟು, ಸಹಾಯಕ್ಕೆ ಕರೆ ಮಾಡಿ.

ಇಷ್ಟು ಹೇಳಿದ ಮೇಲೆ ಮುಂದಿನ ಪ್ರಶ್ನೆ ಬರುತ್ತದೆ. "ಹಾಗಾದರೆ ಮೊದಲ ದಿನ ಏನು ಮಾಡೋಣ?" ಮೊದಲ ದಿನ ಗನ್‌ಗಳು ಚೀಲದಲ್ಲೇ ಇರಲಿ. ಎದೆಮಟ್ಟದ ನೀರಿನಲ್ಲಿ ಪ್ರತಿ ಜೋಡಿಯೂ ಎಚ್ಚರ ತಪ್ಪಿದವರನ್ನು ಎತ್ತುವುದನ್ನು ಐದೈದು ಸಲ ಮಾಡಲಿ, ಗವಸು ಹಾಕಿದ ಕೈಯಲ್ಲೇ ಜೊತೆಗಾರರ ಬೆಲ್ಟ್ ಬಿಚ್ಚಲಿ. ಆಮೇಲೆ ಐದಾರು ಮೀಟರ್ ಆಳದಲ್ಲಿ ಒಂದು ಸುತ್ತು. ಒಟ್ಟು ಮುಕ್ಕಾಲು ಗಂಟೆ. ಯಾರು ಮೊದಲು ನಡುಗಿದರು, ಎಷ್ಟು ನಿಮಿಷಕ್ಕೆ ಅನ್ನುವುದನ್ನು ದಡದಲ್ಲಿರುವವರು ಬರೆದಿಟ್ಟುಕೊಳ್ಳಲಿ. ಎರಡನೆಯ ದಿನ ಇಡೀ ಗುಂಪು ಎಷ್ಟು ಗಂಟೆಗೆ ಹೊರಗೆ ಬರಬೇಕು ಅನ್ನುವುದನ್ನು ಆ ಸಂಖ್ಯೆಯಿಂದಲೇ ಲೆಕ್ಕ ಹಾಕಿ.