ಅಪ್ಪನ ಸೂಜಿಮದ್ದು ಮತ್ತು ಬಾಸೋನ್ಸ್ ಎಂಬ ಸವಾರ

ಕಳೆದ ತಿಂಗಳು ಊರಿಗೆ ಹೋಗಿದ್ದಾಗ ಅಣ್ಣನ ಮಗ ಬೆಳಗಿನ ಐದಕ್ಕೇ ಎದ್ದು, ಸೊಲ್ಲಾಪುರ ರಸ್ತೆಯಲ್ಲಿ ಐವತ್ತು ಕಿಲೋಮೀಟರ್ ಸೈಕಲ್ ಹೊಡೆದು ಬಂದು, ಅಂಗಳದಲ್ಲಿ ಕುಳಿತು ಚೈನಿಗೆ ಎಣ್ಣೆ ಬಿಡುತ್ತಿದ್ದ. ನಮ್ಮ ವಿಜಯಪುರ ಜಿಲ್ಲೆಯಲ್ಲಿ ಸೈಕಲ್ ಓಟದ ಹುಚ್ಚು ಇಂದು ನಿನ್ನೆಯದಲ್ಲ. ಹೊಲದ ಮನೆಯಿಂದ ಶಾಲೆಗೆ ಸೈಕಲ್ ತುಳಿದ ಹುಡುಗರೇ ಮುಂದೆ ರಾಷ್ಟ್ರಮಟ್ಟದ ಪದಕ ತಂದದ್ದನ್ನು ನೋಡುತ್ತ ಬೆಳೆದವರು ನಾವು. ಹುಡುಗ ಕೆಲವು ದಿನಗಳಿಂದ ಅಮೆರಿಕದ ಸೈಕಲ್ ಸವಾರ ಲಾನ್ಸ್ ಆರ್ಮ್‌ಸ್ಟ್ರಾಂಗ್‌ನ ಹಳೆಯ ಓಟಗಳ ವಿಡಿಯೋ ನೋಡುತ್ತಿದ್ದನಂತೆ. ಎಣ್ಣೆ ಒರೆಸಿಕೊಳ್ಳುತ್ತಲೇ ಕೇಳಿದ: “ಕಾಕಾ, ಆವಾಗ ಎಲ್ಲಾರೂ ಮದ್ದು ತಗೋತಿದ್ರು ಅಂತಾರ. ಎಲ್ಲಾರೂ ತಗೊಂಡಿದ್ರು ಅಂದಮ್ಯಾಲ, ಅವರೊಳಗ ಗೆದ್ದಾಂವ ದೊಡ್ಡಾಂವ ಅಲ್ಲೇನ್ರಿ?”

ಪ್ರಶ್ನೆ ಸಣ್ಣದಲ್ಲ. ತಿಳಿದವರು ಅನ್ನಿಸಿಕೊಂಡ ಎಷ್ಟೋ ಮಂದಿ ಇದೇ ಮಾತನ್ನು ವಾದವಾಗಿಯೇ ಮಂಡಿಸುತ್ತಾರೆ. ಅವನಿಗೆ ಅಂದು ಕೊಟ್ಟ ಉತ್ತರ ಅರೆಬರೆಯಾಗಿತ್ತು ಎಂಬ ಕೊರಗಿನಿಂದ ಇದನ್ನು ಬರೆಯುತ್ತಿದ್ದೇನೆ. ಉತ್ತರ ಶುರುವಾಗಬೇಕಾದದ್ದು ನಮ್ಮ ಮನೆಯ ಫ್ರಿಜ್ಜಿನಿಂದಲೇ.

ಅಪ್ಪನ ಎರಡೂ ಮೂತ್ರಪಿಂಡಗಳು ಕೈಕೊಟ್ಟ ಮೇಲೆ ವಾರಕ್ಕೆ ಎರಡು ಬಾರಿ ಡಯಾಲಿಸಿಸ್ ನಡೆಯುತ್ತಿತ್ತು. ಮೂತ್ರಪಿಂಡಗಳ ಕೆಲಸ ಹೊಲಸನ್ನು ಸೋಸುವುದಷ್ಟೇ ಅಲ್ಲ ಎಂಬುದು ನನಗೆ ತಿಳಿದದ್ದು ಆಗಲೇ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದಾಗ ಅವು ಎರಿತ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಬಿಡುತ್ತವೆ. ಎಲುಬಿನ ಮಜ್ಜೆ ಆ ಸಂದೇಶ ಹಿಡಿದು ಹೊಸ ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆ. ಮೂತ್ರಪಿಂಡ ಸೋತರೆ ಸಂದೇಶವೂ ನಿಲ್ಲುತ್ತದೆ, ರಕ್ತ ತೆಳುವಾಗುತ್ತದೆ. ಅಪ್ಪನ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿದ್ದಾಗ ಅವರು ಮಾಳಿಗೆಯ ಹದಿನಾಲ್ಕು ಮೆಟ್ಟಿಲು ಹತ್ತಲು ಮೂರು ಕಡೆ ಕುಳಿತುಕೊಳ್ಳುತ್ತಿದ್ದರು. ವೈದ್ಯರು ಆ ಹಾರ್ಮೋನನ್ನೇ ಚುಚ್ಚುಮದ್ದಾಗಿ ಬರೆದುಕೊಟ್ಟರು. ಎರಡರಿಂದ ಎಂಟು ಡಿಗ್ರಿಯ ತಂಪಿನಲ್ಲೇ ಇರಬೇಕಾದ ಆ ಪುಟ್ಟ ಸಿರಿಂಜುಗಳನ್ನು ಔಷಧದಂಗಡಿಯಿಂದ ಐಸಿನ ಪೊಟ್ಟಣದ ನಡುವೆ ಇಟ್ಟು ತಂದು, ಮೊಸರಿನ ಪಾತ್ರೆಯ ಪಕ್ಕದಲ್ಲಿ ಜೋಡಿಸುವ ಕೆಲಸ ನನ್ನದಾಗಿತ್ತು. ಎರಡು ತಿಂಗಳಾಗುವಷ್ಟರಲ್ಲಿ ಅಪ್ಪ ಎಲ್ಲಿಯೂ ಕೂರದೆ ಮಾಳಿಗೆ ಹತ್ತಿ, ಸಂಜೆಯ ಗಾಳಿಗೆ ಮುಖವೊಡ್ಡಿ ನಿಂತಿದ್ದರು. ಆ ಸಂಜೆಯನ್ನು ನಾನು ಮರೆಯಲಾರೆ.

ಸೈಕಲ್ ಲೋಕ ಇಪಿಒ ಎಂದು ಕರೆಯುವುದು ಇದೇ ಮದ್ದನ್ನು. ಮೂತ್ರಪಿಂಡದ ರೋಗಿಗಳಿಗಾಗಿ 1980ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಔಷಧ, ಮುಂದಿನ ದಶಕದಲ್ಲಿ ಯೂರೋಪಿನ ವೃತ್ತಿಪರ ಸವಾರರ ತೋಳು ಸೇರಿತು. ಆರ್ಮ್‌ಸ್ಟ್ರಾಂಗ್‌ನ ತಂಡದಲ್ಲಿದ್ದ ಟೈಲರ್ ಹ್ಯಾಮಿಲ್ಟನ್, ತಾನು ಅದನ್ನು ನಾಯಕನ ಮನೆಯ ಫ್ರಿಜ್ಜಿನಲ್ಲಿ ಕಂಡಿದ್ದೆ ಎಂದು 2011ರಲ್ಲಿ ಅಮೆರಿಕದ ಟಿವಿಯಲ್ಲಿ ಹೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಮೊಸರಿನ ಪಾತ್ರೆ.

ಅಪ್ಪನ ವೈದ್ಯರು ಒಂದು ಮಾತನ್ನು ಪ್ರತಿ ಸಲವೂ ಒತ್ತಿ ಹೇಳುತ್ತಿದ್ದರು: ಹಿಮೋಗ್ಲೋಬಿನ್ ಹತ್ತು ಹನ್ನೊಂದರ ಆಸುಪಾಸಿನಲ್ಲಿದ್ದರೆ ಸಾಕು, ಅದಕ್ಕಿಂತ ಬಹಳ ಮೇಲೇರಿಸಿದರೆ ರಕ್ತ ಹೆಪ್ಪುಗಟ್ಟುವ ಭಯ, ಹೃದಯಕ್ಕೆ ಭಾರ. ರಕ್ತದಲ್ಲಿ ಕೆಂಪುಕಣಗಳು ಶೇಕಡಾ ಎಷ್ಟಿವೆ ಎಂಬ ಲೆಕ್ಕಕ್ಕೆ ಹೆಮಟೋಕ್ರಿಟ್ ಎನ್ನುತ್ತಾರೆ. ಅದು ಸುಮಾರಾಗಿ ಹಿಮೋಗ್ಲೋಬಿನ್‌ನ ಮೂರು ಪಟ್ಟು. ಅಪ್ಪನಿಗೆ ಸಾಕು ಎಂದದ್ದು ಮೂವತ್ತಮೂರು. ಆರೋಗ್ಯವಂತ ಗಂಡಸಿನಲ್ಲಿ ನಲವತ್ತೈದರ ಸುತ್ತ ಇರುತ್ತದೆ. ಮೂರು ವಾರ ದಿನಕ್ಕೊಂದು ಹಂತದಂತೆ ನಡೆಯುವ ಫ್ರಾನ್ಸಿನ ದೊಡ್ಡ ಸೈಕಲ್ ಓಟ ಟೂರ್ ಡಿ ಫ್ರಾನ್ಸನ್ನು 1996ರಲ್ಲಿ ಗೆದ್ದ ಡೆನ್ಮಾರ್ಕಿನ ಬ್ಯಾರ್ನೆ ರೀಸ್‌ನನ್ನು ಜೊತೆಯವರು ‘ಶೇಕಡಾ ಅರವತ್ತು’ ಎಂಬ ಅಡ್ಡಹೆಸರಿನಿಂದ ಕರೆಯುತ್ತಿದ್ದರು. ತಾನು ಇಪಿಒ ತೆಗೆದುಕೊಂಡಿದ್ದೆ ಎಂದು ಆತ ಒಪ್ಪಿಕೊಂಡದ್ದು 2007ರಲ್ಲಿ.

ಎಲ್ಲರೂ ತಗೊಂಡರೆ ಸಮವಾಯಿತಲ್ಲ ಎಂಬ ವಾದ ಕುಸಿಯುವುದು ಈ ಅಂಕಿಗಳಲ್ಲಿಯೇ. ಇಪಿಒ ಪತ್ತೆಹಚ್ಚುವ ಪರೀಕ್ಷೆ ಇಲ್ಲದಿದ್ದುದರಿಂದ 1997ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಹೆಮಟೋಕ್ರಿಟ್ ಐವತ್ತು ದಾಟಿದವರು ಓಟದಿಂದ ಹೊರಗಿರಬೇಕೆಂದು ನಿಯಮ ಮಾಡಿತು. ಇಬ್ಬರು ಸವಾರರನ್ನು ಊಹಿಸಿಕೊಳ್ಳಿ. ಒಬ್ಬನಿಗೆ ಹುಟ್ಟಿನಿಂದಲೇ ನಲವತ್ತೆಂಟು ಇದೆ, ಇನ್ನೊಬ್ಬನಿಗೆ ನಲವತ್ತು. ಮದ್ದು ಚುಚ್ಚಿಕೊಂಡು ಇಬ್ಬರೂ ಐವತ್ತರ ಗೆರೆ ಮುಟ್ಟಿದರೆ ಮೊದಲನೆಯವನಿಗೆ ಸಿಕ್ಕದ್ದು ಎರಡು, ಎರಡನೆಯವನಿಗೆ ಹತ್ತು. ಮದ್ದಿಗೆ ಯಾರ ಮೈ ಹೆಚ್ಚು ಒಗ್ಗುತ್ತದೋ ಅವನು ಮುಂದೆ ಹೋಗುತ್ತಾನೆ. ಯಾರ ಎದೆ ಗಟ್ಟಿ, ಯಾರ ದುಡಿಮೆ ಹೆಚ್ಚು ಎಂಬುದು ಅಲ್ಲಿ ಮಸುಕಾಗುತ್ತದೆ. ಇನ್ನು ಹಣದ ಮಾತು. ಇಟಲಿಯ ವೈದ್ಯ ಮಿಕೇಲೆ ಫೆರಾರಿಗೆ ಆರ್ಮ್‌ಸ್ಟ್ರಾಂಗ್ ಹತ್ತು ಲಕ್ಷ ಡಾಲರಿಗೂ ಹೆಚ್ಚು ಸಂದಾಯ ಮಾಡಿದ್ದನೆಂದು ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆ 2012ರ ತನ್ನ ವರದಿಯಲ್ಲಿ ದಾಖಲೆಸಹಿತ ತೋರಿಸಿತು. ಎಷ್ಟು ಚುಚ್ಚಬೇಕು, ಯಾವಾಗ ನಿಲ್ಲಿಸಬೇಕು, ಸಿಕ್ಕಿಬೀಳದಿರಲು ಏನು ಮಾಡಬೇಕು ಎಂಬ ಜಾಣತನವೂ ಹೀಗೆ ದುಡ್ಡಿಗೆ ಸಿಗುವ ಸರಕಾದ ಮೇಲೆ ಸಮಾನತೆ ಎಲ್ಲಿಯದು?

ಅಷ್ಟಕ್ಕೂ, ಎಲ್ಲರೂ ತೆಗೆದುಕೊಂಡಿರಲಿಲ್ಲ.

1998ರ ಜುಲೈ 8ರಂದು, ಟೂರ್ ಶುರುವಾಗಲು ಮೂರು ದಿನವಿರುವಾಗ, ಫೆಸ್ಟಿನಾ ತಂಡದ ಮಾಲೀಸು ಮಾಡುವಾತ ವಿಲ್ಲಿ ವೂಟ್‌ನ ಕಾರನ್ನು ಬೆಲ್ಜಿಯಂ–ಫ್ರಾನ್ಸ್ ಗಡಿಯಲ್ಲಿ ಸುಂಕದ ಅಧಿಕಾರಿಗಳು ತಡೆದರು. ಒಳಗೆ ಇಪಿಒ, ಬೆಳವಣಿಗೆಯ ಹಾರ್ಮೋನು, ಇನ್ನೂ ಏನೇನೋ ರಾಶಿ ಇತ್ತು. ತಂಡವನ್ನು ಓಟದ ನಡುವೆಯೇ ಹೊರಹಾಕಲಾಯಿತು. ತಂಡದ ತಾರೆ ರಿಶಾರ್ ವಿರಾಂಕ್ ಎರಡು ವರ್ಷ ಇಲ್ಲ ಇಲ್ಲ ಎಂದು, ಕೊನೆಗೆ 2000ದಲ್ಲಿ ಲೀಲ್ ನಗರದ ನ್ಯಾಯಾಲಯದಲ್ಲಿ ಹೌದೆಂದ. ಆದರೆ ಅದೇ ತಂಡದ ಸವಾರರು ಪೊಲೀಸರ ಮುಂದೆ ಬಾಯಿಬಿಟ್ಟಾಗ ಒಂದು ಹೆಸರನ್ನು ಹೊರಗಿಟ್ಟು ಹೇಳಿದರು: ಕ್ರಿಸ್ಟೋಫ್ ಬಾಸೋನ್ಸ್ ತೆಗೆದುಕೊಳ್ಳುವುದಿಲ್ಲ.

ಬಾಸೋನ್ಸ್ ಪ್ರತಿಭೆಯಿಲ್ಲದೆ ಹಿಂದುಳಿದ ಸವಾರನಾಗಿರಲಿಲ್ಲ. ಅವನ ಶ್ವಾಸಶಕ್ತಿಯ ಅಳತೆಗಳು ಮೇಲಿನ ದರ್ಜೆಯವಾಗಿದ್ದವು. ಸೂಜಿಗೆ ತೋಳು ಒಡ್ಡದ ಕಾರಣಕ್ಕೆ, ತನಗಿಂತ ಕೆಳಗಿದ್ದವರು ತನ್ನನ್ನು ದಾಟಿ ಹೋಗುವುದನ್ನು ದಿನವೂ ನೋಡುತ್ತಿದ್ದ. 1999ರಲ್ಲಿ ಬೇರೊಂದು ಫ್ರೆಂಚ್ ತಂಡದ ಪರವಾಗಿ ಟೂರ್‌ಗೆ ಬಂದಾಗ ‘ಲ ಪಾರಿಸಿಯನ್’ ಪತ್ರಿಕೆಯಲ್ಲಿ ಅವನ ಹೆಸರಿನ ಅಂಕಣ ಬರುತ್ತಿತ್ತು. ಹಗರಣದ ಮರುವರ್ಷದ ಆ ಓಟವನ್ನು ‘ನವೀಕರಣದ ಟೂರ್’ ಎಂದು ಸಂಘಟಕರು ಸಾರಿದ್ದರು. ಓಟದ ವೇಗ ಮಾತ್ರ ಕಡಿಮೆಯಾಗಿರಲಿಲ್ಲ. ಏನೂ ಬದಲಾಗಿಲ್ಲ ಎಂದು ಬಾಸೋನ್ಸ್ ಬರೆದ. ಸವಾರರ ಗುಂಪು ಅವನೊಂದಿಗೆ ಮಾತು ನಿಲ್ಲಿಸಿತು.

ಆಲ್ಪ್ ದ್ಯುಯೆಜ್ ಬೆಟ್ಟದ ಹಂತದ ದಿನ ನಡೆದದ್ದನ್ನು ಬಾಸೋನ್ಸ್ ಆಮೇಲೆ ಹಲವು ಬಾರಿ ಹೇಳಿದ್ದಾನೆ. ಆ ದಿನ ಮೊದಲ ನೂರು ಕಿಲೋಮೀಟರನ್ನು ನಿಧಾನವಾಗಿ ಹೋಗೋಣವೆಂದು ಉಳಿದವರೆಲ್ಲ ಒಳಗೊಳಗೇ ಮಾತಾಡಿಕೊಂಡಿದ್ದರು. ಅವನಿಗೆ ಯಾರೂ ತಿಳಿಸಿರಲಿಲ್ಲ. ಅವನು ಆರಂಭದಲ್ಲಿಯೇ ಒಬ್ಬನೇ ಮುಂದೆ ನುಗ್ಗಿದ. ಇಡೀ ಗುಂಪು ಅವನನ್ನು ಅಟ್ಟಿಸಿಕೊಂಡು ಬಂತು. ಓಟದಲ್ಲಿ ಮುಂದಿರುವವನ ಹಳದಿ ಅಂಗಿ ತೊಟ್ಟಿದ್ದ ಆರ್ಮ್‌ಸ್ಟ್ರಾಂಗ್ ಪಕ್ಕಕ್ಕೆ ಬಂದು ಅವನ ಹೆಗಲು ಹಿಡಿದು, ನೀನು ಬರೆಯುತ್ತಿರುವುದರಿಂದ ಸೈಕ್ಲಿಂಗಿಗೆ ಕೆಡುಕಾಗುತ್ತಿದೆ, ಇಷ್ಟವಿಲ್ಲದಿದ್ದರೆ ಮನೆಗೆ ಹೋಗು ಎಂದ. ನಾಳೆ ಸೈಕಲ್ ಏರುವ ಹುಡುಗರನ್ನು ನೆನೆದು ಬರೆಯುತ್ತಿದ್ದೇನೆ ಎಂದು ಬಾಸೋನ್ಸ್ ಉತ್ತರಿಸಿದ. ಅವನು ಹೊರಟುಹೋಗುವುದೇ ಒಳ್ಳೆಯದು ಎಂಬ ಮಾತನ್ನು ಆರ್ಮ್‌ಸ್ಟ್ರಾಂಗ್ ಫ್ರಾನ್ಸಿನ ಟಿವಿಯ ಮುಂದೆಯೂ ಮರೆಮಾಚದೆ ಹೇಳಿದ. ಇದಾಗಿ ಕೆಲವೇ ದಿನಗಳಲ್ಲಿ, ಹನ್ನೆರಡನೆಯ ಹಂತ ಶುರುವಾಗುವ ಮೊದಲೇ, ಮನಸ್ಸು ಮುರಿದ ಬಾಸೋನ್ಸ್ ಓಟ ಬಿಟ್ಟು ಹೊರಟ. 2001ರ ಹೊತ್ತಿಗೆ ವೃತ್ತಿಯನ್ನೇ ಬಿಟ್ಟ.

ಇಲ್ಲಿ ನನ್ನನ್ನು ಕಾಡುವುದು ಆರ್ಮ್‌ಸ್ಟ್ರಾಂಗ್‌ನ ದರ್ಪಕ್ಕಿಂತ ಉಳಿದವರ ಮೌನ. ಸುಮಾರು ನೂರೈವತ್ತು ಸವಾರರ ಆ ಗುಂಪಿನಲ್ಲಿ ಬಾಸೋನ್ಸ್ ಹೇಳುತ್ತಿರುವುದು ನಿಜವೆಂದು ಬಲ್ಲವರು ಬಹಳ ಮಂದಿ ಇದ್ದರು. ಅವರನ್ನೆಲ್ಲ ದುಷ್ಟರೆನ್ನಲು ನನಗೆ ಮನಸ್ಸಿಲ್ಲ. ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ ಸೈಕಲ್ ಬಿಟ್ಟು ಬೇರೇನೂ ಕಲಿಯದ ಹುಡುಗನ ಮುಂದೆ, ತಗೊಂಡರೆ ಕೆಲಸ, ಇಲ್ಲದಿದ್ದರೆ ಊರಿನ ಬಸ್ಸು ಎಂದು ದೊಡ್ಡವರು ನಿಂತರೆ ಅವನು ಏನು ಮಾಡಿಯಾನು? 1967ರಲ್ಲಿ ಮೋ ವಾಂತು ಬೆಟ್ಟದ ಬಿಸಿಲಿನಲ್ಲಿ ಆಂಫೆಟಮೀನ್ ಎಂಬ ಉತ್ತೇಜಕ ಮದ್ದು ನುಂಗಿ ಕುಸಿದು ಸತ್ತ ಬ್ರಿಟಿಷ್ ಸವಾರ ಟಾಮ್ ಸಿಂಪ್ಸನ್‌ಗೆ ಇಪ್ಪತ್ತೊಂಬತ್ತು ವರ್ಷ. ಗೆಲ್ಲುವ ಹೊಸ್ತಿಲಲ್ಲಿದ್ದ 1999ರ ಇಟಲಿಯ ದೊಡ್ಡ ಓಟ ಜೀರೊ ಡಿ ಇಟಾಲಿಯಾದಿಂದ ಹೆಮಟೋಕ್ರಿಟ್ ಐವತ್ತೆರಡು ಬಂದು ಹೊರಬಿದ್ದ ಮಾರ್ಕೊ ಪಂತಾನಿ, ಐದು ವರ್ಷದೊಳಗೆ ರಿಮಿನಿಯ ಹೋಟೆಲ್ ಕೋಣೆಯೊಂದರಲ್ಲಿ ಒಬ್ಬಂಟಿಯಾಗಿ ತೀರಿಕೊಂಡ. ಮದ್ದಿನ ಕಥೆಯಲ್ಲಿ ಇವರೂ ಬಲಿಯಾದವರೇ.

ಹಾಗಾದರೆ ದೊಡ್ಡ ಆಟಗಾರ ಎಂದು ಯಾರನ್ನು ಕರೆಯಬೇಕು? ಹುಡುಗ ನನ್ನ ಬಾಯಿ ಕಟ್ಟಿದ ಒಂದು ಪ್ರಶ್ನೆ ಇತ್ತು: ಎತ್ತರದ ಬೆಟ್ಟದಲ್ಲಿ ತಿಂಗಳುಗಟ್ಟಲೆ ಇದ್ದರೂ ರಕ್ತಕಣ ಹೆಚ್ಚುತ್ತವೆಯಲ್ಲ, ಅದು ತಪ್ಪಲ್ಲದಿದ್ದರೆ ಸೂಜಿ ಯಾಕೆ ತಪ್ಪು? ಅಂದು ತೋಚದ ಉತ್ತರ ಈಗ ಹೊಳೆಯುತ್ತಿದೆ. ಬೆಟ್ಟದಲ್ಲಿ ಆ ಕೆಲಸ ಮಾಡುವುದು ಅವನದೇ ಮೂತ್ರಪಿಂಡ, ಅವನದೇ ಮಜ್ಜೆ. ತಾಳಿಕೊಳ್ಳುವಷ್ಟನ್ನೇ ಅವು ಕೊಡುತ್ತವೆ, ಬೆಟ್ಟ ಇಳಿದ ಮೇಲೆ ಹಿಂದಕ್ಕೆ ಪಡೆಯುತ್ತವೆ. ಸೂಜಿ ಆ ಮಾತುಕತೆಯನ್ನೇ ಮುಗಿಸಿಬಿಡುತ್ತದೆ. ಅಪ್ಪನಿಗೆ ಸೂಜಿ ಕೊಟ್ಟದ್ದು ಅವರಿಂದ ಕಳೆದುಹೋದದ್ದನ್ನು. ಆರೋಗ್ಯವಂತ ಸವಾರನಿಗೆ ಅದು ಕೊಡುವುದು ಪಕ್ಕದಲ್ಲಿ ತುಳಿಯುತ್ತಿರುವವನ ಪಾಲನ್ನು. ಓಟ ಎಂದರೆ ಒಂದು ಕರಾರು. ನನ್ನ ಮೈಯಲ್ಲಿರುವುದನ್ನು ನಾನು ತರುತ್ತೇನೆ, ನಿನ್ನ ಮೈಯಲ್ಲಿರುವುದನ್ನು ನೀನು ತಾ ಎಂಬ ಮಾತಿನ ಮೇಲೆ ಇಬ್ಬರೂ ಗೆರೆಯ ಹಿಂದೆ ನಿಲ್ಲುತ್ತಾರೆ. ಯಾರೂ ನೋಡದಿರುವಾಗ, ಸಿಕ್ಕಿಬೀಳುವ ಭಯವೇ ಇಲ್ಲದಿರುವಾಗ, ಸೋಲು ಖಚಿತವೆಂದು ಗೊತ್ತಿರುವಾಗಲೂ ಆ ಮಾತು ಉಳಿಸಿಕೊಳ್ಳುವವನನ್ನು ನಾನು ದೊಡ್ಡವನೆನ್ನುತ್ತೇನೆ. ಪದಕ ಬಂದರೆ ಸಂತೋಷ, ಅಳತೆಗೋಲು ಅದಲ್ಲ.

ಬಾಸೋನ್ಸ್ ಆಮೇಲೆ ಫ್ರಾನ್ಸಿನ ಕ್ರೀಡಾ ಇಲಾಖೆಯಲ್ಲಿ ಮದ್ದು ತಡೆಯುವ ಕೆಲಸಕ್ಕೇ ಸೇರಿದ. 2012ರಲ್ಲಿ ಗುಡ್ಡಗಾಡು ಸೈಕಲ್ ಓಟವೊಂದನ್ನು ಅರ್ಧಕ್ಕೆ ಬಿಟ್ಟು ಮನೆಗೆ ಹೊರಟಿದ್ದಾಗ ಮದ್ದು ಪರೀಕ್ಷೆಗೆ ಹೆಸರು ಬಂದು, ಹಾಜರಾಗದ ಕಾರಣಕ್ಕೆ ಅವನಿಗೇ ಒಂದು ವರ್ಷದ ನಿಷೇಧ ಬಿತ್ತು. ಮೇಲ್ಮನವಿಯ ನಂತರ ಅದು ಒಂದು ತಿಂಗಳಿಗೆ ಇಳಿಯಿತು. ಓದಿದಾಗ ಸಂಕಟವಾಯಿತು. ಆದರೂ ನಿಯಮ ಅವನಿಗೂ ಅನ್ವಯಿಸಲೇಬೇಕಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಆರ್ಮ್‌ಸ್ಟ್ರಾಂಗ್‌ನ ಏಳೂ ಟೂರ್ ಪ್ರಶಸ್ತಿಗಳನ್ನು ಹಿಂದಕ್ಕೆ ಪಡೆಯಲಾಯಿತು. ಮುಂದಿನ ಜನವರಿಯಲ್ಲಿ ಅವನು ಟಿವಿ ಸಂದರ್ಶನದಲ್ಲಿ ತಪ್ಪೊಪ್ಪಿಕೊಂಡ.

ಅಂದು ಬಾಸೋನ್ಸ್ ಕಥೆಯನ್ನು ಹೇಳಿ ಮುಗಿಸಿದಾಗ ಹುಡುಗ ಕೇಳಿದ: “ಹಂಗಾದ್ರ ಕಾಕಾ, ಆ ಬಾಸೋನ್ಸ್ ಏನರೆ ಗೆದ್ದಾನೇನ್ರಿ?” ಗೆದ್ದಿದ್ದಾನೆ. 1999ರ ಜೂನ್‌ನಲ್ಲಿ, ಆ ಟೂರ್‌ಗೆ ಕೆಲವೇ ವಾರ ಮುಂಚೆ, ಫ್ರಾನ್ಸಿನ ಡೋಫಿನೆ ಲಿಬೆರೆ ಓಟದ ಒಂದು ಹಂತ. ಹುಡುಗ ಫೋನಿನಲ್ಲಿ ಹುಡುಕಿ ಆ ಸಾಲನ್ನು ಕಂಡುಕೊಂಡ. ಆಮೇಲೆ ಟೂರ್ ವಿಜೇತರ ಪಟ್ಟಿ ತೆಗೆದು, 1999ರಿಂದ 2005ರವರೆಗೆ ಯಾರ ಹೆಸರೂ ಇಲ್ಲದ ಏಳು ಸಾಲುಗಳ ಮೇಲೆ ಎಣ್ಣೆ ಹತ್ತಿದ ಬೆರಳನ್ನು ಬಹಳ ಹೊತ್ತು ಆಡಿಸುತ್ತ ಕುಳಿತ.