ಗೋಣಿತಟ್ಟಿನ ಪರದೆಯ ಹಿಂದೆ

ಪತ್ರಿಕೆಯೊಂದರ ವಿದೇಶ ಪುಟವನ್ನು ಹಲವು ವರ್ಷ ನೋಡಿಕೊಂಡವನು ನಾನು. ಏಜೆನ್ಸಿಗಳಿಂದ ಬಂದ ಸುದ್ದಿಯನ್ನು ಅನುವಾದಿಸಿ, ತಲೆಬರಹ ಕೊಟ್ಟು, ಪುಟಕ್ಕೆ ಹೊಂದಿಸುವುದು ನನ್ನ ಕೆಲಸವಾಗಿತ್ತು. ದೂರದಲ್ಲಿರುವ ವರದಿಗಾರ ಹೇಳುತ್ತಿರುವುದನ್ನು ನಂಬಬೇಕೋ, ಸರ್ಕಾರದ ಹೇಳಿಕೆ ಬರಲಿ ಎಂದು ಕಾಯಬೇಕೋ ಎಂಬ ಪ್ರಶ್ನೆ ಆ ಕುರ್ಚಿಯಲ್ಲಿ ಕುಳಿತವರನ್ನು ಬಿಡುವುದಿಲ್ಲ. ಅದು ಕಾಡಿದಾಗಲೆಲ್ಲ ನನಗೆ ನೆನಪಾಗುವವರು ಬ್ರಿಟನ್ನಿನ ವರದಿಗಾರ್ತಿ ಕ್ಲೇರ್ ಹಾಲಿಂಗ್‌ವರ್ತ್.

1939ರ ಆಗಸ್ಟ್ ಕೊನೆಯ ಹೊತ್ತಿಗೆ ಅವರು ಲಂಡನ್ನಿನ 'ಡೈಲಿ ಟೆಲಿಗ್ರಾಫ್' ಪತ್ರಿಕೆಯನ್ನು ಸೇರಿ ಒಂದು ವಾರವೂ ಕಳೆದಿರಲಿಲ್ಲ; ವಯಸ್ಸು ಇಪ್ಪತ್ತೇಳು. ಆದರೆ ಪೋಲೆಂಡ್ ಅವರಿಗೆ ಹೊಸದಲ್ಲ. ಅದಕ್ಕೂ ಮುಂಚೆ ನಾಜಿಗಳಿಂದ ತಪ್ಪಿಸಿಕೊಂಡು ಬಂದ ಸಾವಿರಾರು ನಿರಾಶ್ರಿತರಿಗೆ ಬ್ರಿಟನ್ನಿನ ವೀಸಾ ಕೊಡಿಸಲು ಅವರು ಅಲ್ಲಿಯೇ ದುಡಿದಿದ್ದರು. ಜರ್ಮನಿಯ ಗಡಿ ಆಗ ಮುಚ್ಚಿತ್ತು, ರಾಜತಾಂತ್ರಿಕರ ವಾಹನಗಳಿಗೆ ಮಾತ್ರ ದಾರಿಯಿತ್ತು. ಗಡಿಗೆ ಹತ್ತಿರದ ಪೋಲೆಂಡಿನ ನಗರ ಕಾಟೊವಿಟ್ಸೆಯಲ್ಲಿದ್ದ ಬ್ರಿಟಿಷ್ ಕಾನ್ಸಲ್ ಅವರ ಧ್ವಜವಿದ್ದ ಕಾರನ್ನು ಕೇಳಿ ಪಡೆದ ಕ್ಲೇರ್ ಗಡಿಯಾಚೆ ಹೋದರು. ಅಲ್ಲಿ ಆಸ್ಪಿರಿನ್, ವೈನ್, ಟಾರ್ಚ್‌ಗಳನ್ನು ಕೊಂಡು ಹಿಂತಿರುಗಿದರು. ಬರುವ ದಾರಿಯ ಬದಿಯಲ್ಲಿ, ಕೆಳಗಿನ ಕಣಿವೆ ಕಾಣದಂತೆ ಉದ್ದಕ್ಕೂ ಗೋಣಿತಟ್ಟಿನ ಪರದೆಗಳನ್ನು ಕಟ್ಟಲಾಗಿತ್ತು. ಗಾಳಿ ಬೀಸಿ ಒಂದು ಪರದೆ ಮೇಲೆದ್ದಾಗ, ಸಾಲುಸಾಲಾಗಿ ನಿಂತ ಜರ್ಮನ್ ಸೇನೆಯ ಟ್ಯಾಂಕುಗಳು, ಕವಚವಾಹನಗಳು ಮತ್ತು ಫಿರಂಗಿಗಳು ಅವರ ಕಣ್ಣಿಗೆ ಬಿದ್ದವು. ತಾನು ಗಡಿ ದಾಟಿ ಬಂದದ್ದನ್ನು ಕಾನ್ಸಲ್ ನಂಬದಿದ್ದಾಗ, ಕೊಂಡು ತಂದ ಸಾಮಾನುಗಳನ್ನೇ ಅವರು ಸಾಕ್ಷಿಯಾಗಿ ತೋರಿಸಬೇಕಾಯಿತು.

ವರದಿ ಆಗಸ್ಟ್ 29ರಂದು ಪ್ರಕಟವಾಯಿತು. ಅದರ ಮೇಲೆ ಅವರ ಹೆಸರಿರಲಿಲ್ಲ. ಸೆಪ್ಟೆಂಬರ್ 1ರ ಬೆಳಗಿನ ಜಾವ ಪೋಲೆಂಡಿನ ಮೇಲೆ ಜರ್ಮನಿಯ ದಾಳಿ, ಅದರೊಂದಿಗೆ ಎರಡನೆಯ ಮಹಾಯುದ್ಧ, ಶುರುವಾದಾಗ ಅವರು ವಾರ್ಸಾದ ಬ್ರಿಟಿಷ್ ರಾಯಭಾರ ಕಚೇರಿಗೆ ಫೋನ್ ಮಾಡಿದರು. ಮಾತುಕತೆ ಇನ್ನೂ ನಡೆಯುತ್ತಿದೆ, ಯುದ್ಧ ಹೇಗಾದೀತು ಎಂಬ ಅನುಮಾನ ಅಲ್ಲಿಯ ಅಧಿಕಾರಿಗೆ. ಕ್ಲೇರ್ ವಾದಕ್ಕಿಳಿಯದೆ ರಿಸೀವರನ್ನು ಕಿಟಕಿಯ ಹೊರಗೆ ಹಿಡಿದರು. ದಾಳಿಯ ಸದ್ದನ್ನು ಆ ಅಧಿಕಾರಿ ಸ್ವತಃ ಕೇಳಿದರು. ವಿದೇಶಿ ವರದಿಗಾರರ ಪಾಡನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಘಟನೆ ನನಗೆ ಗೊತ್ತಿಲ್ಲ. ಅಪಾಯದ ಜಾಗಕ್ಕೆ ಹೋಗಿ ನೋಡುವುದು ಒಂದು ಕಷ್ಟವಾದರೆ, ಕಂಡದ್ದನ್ನು ಬೆಚ್ಚಗಿನ ಕೋಣೆಯಲ್ಲಿ ಕುಳಿತವರಿಗೆ ನಂಬಿಸುವುದು ಇನ್ನೊಂದು ಕಷ್ಟ.

ಮುಂದೆ ಅದೇ ಯುದ್ಧದಲ್ಲಿ, ಉತ್ತರ ಆಫ್ರಿಕಾದಲ್ಲಿ ಬ್ರಿಟಿಷ್ ಸೇನೆಯ ಜನರಲ್ ಮಾಂಟ್‌ಗೊಮರಿ ತಮ್ಮ ಪಡೆಗಳ ಜೊತೆ ಮಹಿಳಾ ವರದಿಗಾರರು ಇರಬಾರದೆಂದಾಗ, ಕ್ಲೇರ್ ಅಮೆರಿಕದ ಜನರಲ್ ಐಸೆನ್‌ಹೋವರ್ ಅವರ ಪಡೆಗಳ ಕಡೆಗೆ ಹೋಗಿ ವರದಿ ಮುಂದುವರಿಸಿದರು. ಅಲ್ಜೀರಿಯಾ, ವಿಯೆಟ್ನಾಂ ಯುದ್ಧಗಳನ್ನೂ ಕಂಡರು.

ನನ್ನಂಥ ಡೆಸ್ಕಿನವರ ಮನಸ್ಸಿಗೆ ಚುಚ್ಚುವ ಪ್ರಸಂಗ 1963ರದು. ಲೆಬನಾನಿನ ಬೈರೂತ್‌ನಲ್ಲಿ ಬ್ರಿಟಿಷ್ ಪತ್ರಿಕೆಗಳಿಗೆ ಬರೆಯುತ್ತಿದ್ದ, ಬ್ರಿಟನ್ನಿನ ಮಾಜಿ ಗುಪ್ತಚರ ಅಧಿಕಾರಿ ಕಿಮ್ ಫಿಲ್ಬಿ ಜನವರಿಯ ಒಂದು ರಾತ್ರಿ ಕಾಣೆಯಾದರು. ಆಗ 'ಗಾರ್ಡಿಯನ್' ಪತ್ರಿಕೆಯಲ್ಲಿದ್ದ ಕ್ಲೇರ್ ಬಂದರಿನ ದಾಖಲೆಗಳನ್ನು ಹುಡುಕಿ, ಅದೇ ರಾತ್ರಿ ಸೋವಿಯತ್ ಹಡಗೊಂದು ಆ ದೇಶದ ಬಂದರು ಒಡೆಸ್ಸಾಕ್ಕೆ ಹೊರಟಿದ್ದನ್ನು ಪತ್ತೆ ಮಾಡಿದರು. ಫಿಲ್ಬಿ ಸೋವಿಯತ್ ಗೂಢಚಾರರೆಂಬುದು ಅವರಿಗೆ ಖಚಿತವಾಗಿತ್ತು. ಮಾನನಷ್ಟ ಮೊಕದ್ದಮೆಯ ಭಯದಿಂದ ಪತ್ರಿಕೆ ಆ ವರದಿಯನ್ನು ಸುಮಾರು ಮೂರು ತಿಂಗಳು ತಡೆಹಿಡಿಯಿತು. ಸಂಪಾದಕರ ಅಂಜಿಕೆ ನನಗೆ ಅರ್ಥವಾಗುತ್ತದೆ, ನಾನೂ ಎಷ್ಟೋ ಸಲ ಅಂಥ ಅಂಜಿಕೆಯಿಂದ ಸುದ್ದಿಯನ್ನು ಮರುದಿನಕ್ಕೆ ತಳ್ಳಿದ್ದೇನೆ. ಆದರೂ ಗಡಿಯ ಟ್ಯಾಂಕುಗಳನ್ನು ಮೊದಲು ಕಂಡವರ ಮಾತಿಗೆ ಇನ್ನಷ್ಟು ಬೆಲೆ ಸಿಗಬೇಕಿತ್ತು ಎಂದೇ ನನಗೆ ಅನಿಸುತ್ತದೆ. ಫಿಲ್ಬಿ ಮಾಸ್ಕೋದಲ್ಲಿರುವುದು ಕೊನೆಗೆ ದೃಢಪಟ್ಟಿತು.

1970ರ ದಶಕದಲ್ಲಿ ಬೀಜಿಂಗ್‌ನಿಂದ ವರದಿ ಮಾಡಿದ ಅವರು ಕೊನೆಗೆ ನೆಲೆಸಿದ್ದು ಹಾಂಗ್‌ಕಾಂಗ್‌ನಲ್ಲಿ. 2017ರಲ್ಲಿ, ತಮ್ಮ 105ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಇಳಿವಯಸ್ಸಿನಲ್ಲಿ ಕಣ್ಣು ಮಂಜಾದ ಮೇಲೂ, ಪತ್ರಿಕೆಯಿಂದ ಕರೆ ಬಂದರೆ ತಕ್ಷಣ ಹೊರಡಬೇಕೆಂದು ಪಾಸ್‌ಪೋರ್ಟ್ ಮತ್ತು ಬೂಟುಗಳನ್ನು ಹಾಸಿಗೆಯ ಬಳಿಯೇ ಇಟ್ಟುಕೊಳ್ಳುತ್ತಿದ್ದರು.